ಬಲಗಡೆ ಕುಂತವನೇ ಡ್ರೈವರ್

ಹೆಂಡತಿ ಗಾಡಿ ಓಡಿಸಿ ಗಂಡ ಪಕ್ಕದಲ್ಲಿ ಕೂತರೆ ನಮ್ಮ ಕಡೆ ಅದು ಪ್ರಯಾಣವಲ್ಲ, ಪ್ರಕರಣ. ದಿನಕ್ಕೊಬ್ಬ ತನಿಖೆಗೆ ಬರುತ್ತಾನೆ.

ನನಗೆ ಅಭ್ಯಾಸವಾಗಿದೆ. ವಿಜಯಪುರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಹಿಂದೊಮ್ಮೆ ಕಾರು ಕಲಿಯಲು ಹೋಗಿದ್ದೆ. ಮೂರನೇ ದಿನ ಕಲಿಸುವವನೇ ನಡುರಸ್ತೆಯಲ್ಲಿ ಇಳಿದು ನಡೆದುಕೊಂಡು ಮನೆಗೆ ಹೋದ. ಕಟ್ಟಿದ ಫೀ ಹಾಳಾಗಬಾರದೆಂದು ನನ್ನ ಬದಲು ಹೆಂಡತಿ ಹೋದಳು, ಕಲಿತಳು. ಅಂದಿನಿಂದ ಮನೆಯ ಕಾರು ಅವಳದು, ಪಕ್ಕದ ಸೀಟು ನನ್ನದು.

ಅರವತ್ತೊಂದು ತುಂಬಿದ ಮೇಲೆ ಅವಳಿಗೆ ಯುರೋಪ್ ನೋಡುವ ಮನಸ್ಸಾಯಿತು. ಅದೂ ಮೋಟಾರ್‌ಹೋಮ್‌ನಲ್ಲಿ. ಅಂದರೆ ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ. ಬಾಡಿಗೆಗೆ ಸಿಗುತ್ತದೆ. ಇಪ್ಪತ್ತೆರಡು ದಿನ, ಓಡಿಸುವವಳು ಅವಳೇ. ನಾನು ಅನುಮಾನ ವ್ಯಕ್ತಪಡಿಸಿದೆ. ಯಾರೂ ಕೇಳಲಿಲ್ಲ.

ಅರ್ಜಿ

ಪರದೇಶದಲ್ಲಿ ಗಾಡಿ ಓಡಿಸಲು ಬೇರೆ ಪರವಾನಗಿ ಬೇಕು. ಸ್ಟೇಷನ್ ರಸ್ತೆಯಲ್ಲಿ ಇಂಥ ಅರ್ಜಿ ತುಂಬಿಕೊಡುವ ಏಜೆಂಟನೊಬ್ಬನ ಹತ್ತಿರ ಹೋದೆವು. ಅವನು ನನ್ನ ಮುಖ ನೋಡಿದ, ನನ್ನ ಹೆಸರು ಕೇಳಿದ, ಬರೆಯತೊಡಗಿದ.

"ನಂದಲ್ಲ, ಇವರದು" ಎಂದೆ.

ಅವನು ಪೆನ್ನು ಕೆಳಗಿಟ್ಟ. "ಅಕ್ಕಾರದಾ? ಮತ್ತ ನಿಮ್ಮದು?"

"ನನಗ ಗಾಡಿ ಬರೂದಿಲ್ಲ."

ಅವನು ಇಬ್ಬರನ್ನೂ ಒಂದೊಂದು ಸಲ ನೋಡಿದ. ಆಮೇಲೆ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ಸರ್, ಖರೇ ಹೇಳ್ರಿ. ನಿಮ್ಮ ಲೈಸೆನ್ಸ್ ರದ್ದ ಆಗೇತೇನ್ರಿ? ಕುಡದ ಹೊಡದಿದ್ರೇನು?"

ನಾನು ಚಹಾ ಬಿಟ್ಟರೆ ಏನೂ ಕುಡಿಯುವವನಲ್ಲ. ಆದರೆ ಹಾಗೆ ಹೇಳಿದರೆ ಅವನ ಅನುಮಾನ ಇನ್ನೂ ಗಟ್ಟಿಯಾಗುತ್ತಿತ್ತು. ಹೌದೆಂದೆ. ತಟ್ಟನೆ ಕೆಲಸವಾಯಿತು.

ಪಂಥ

ಹೆಂಡತಿಯ ತವರು ಬಬಲೇಶ್ವರ. ಅಲ್ಲಿರುವ ಅವಳ ತಮ್ಮನಿಗೆ ದ್ರಾಕ್ಷಿ ತೋಟವಿದೆ, ಸಣ್ಣದೊಂದು ಪಿಕಪ್ ಗಾಡಿ ಇದೆ, ಮತ್ತು ಎಲ್ಲದರ ಬಗ್ಗೆ ಖಚಿತ ಅಭಿಪ್ರಾಯವಿದೆ. ಸುದ್ದಿ ಕೇಳಿ ಬಂದ.

"ಅಕ್ಕಾ, ಕಾಯಿಪಲ್ಲೆ ತರಾಕ ಕಾರ್ ಹೊಡಿಯೂದು ಬ್ಯಾರೆ, ಮನಿ ಹೊತಗೊಂಡ ಗಾಡಿ ಹೊಡಿಯೂದು ಬ್ಯಾರೆ. ಮೂರನೇ ದಿನಕ್ಕ ಅಲ್ಲೇ ಒಬ್ಬ ಡ್ರೈವರ್‌ನ ಹುಡಕ್ತೀರಿ, ಬರಕೊಡ್ತೀನಿ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗದಿದ್ದಾಗಲೇ ನಾನು ಅವಳಿಗೆ ಹೆದರುವುದು.

"ಇಪ್ಪತ್ತೆರಡೂ ದಿನ ನಾ ಹೊಡೀತೀನಿ. ಹೊಳ್ಳಿ ಬಂದ ಮ್ಯಾಲೆ, ಮಂದಿ ಮುಂದ, 'ನಮ್ಮಕ್ಕ ಹೊಡದಾಳ' ಅಂತ ನಿನ್ನ ಬಾಯಿಂದ ಬರಬೇಕು. ನನಗ ಬ್ಯಾರೆ ಏನೂ ಬ್ಯಾಡ."

"ಹೊಡದ್ರ ಅಂತೀನಿ ತಗೋ" ಎಂದು ನಕ್ಕು, ಹೋಗುವಾಗ ನನ್ನ ಭುಜ ತಟ್ಟಿದ. "ಮಾಮಾ, ವಿಮಾ ಮಾಡಿಸೀರಿಲ್ಲೋ?"

ಹದಿನೈದು ದಿನದ್ದು

ನಮ್ಮಲ್ಲಿ ತಿರುವು ಬಂದರೆ ಹಾರ್ನ್ ಹೊಡೆಯುವುದು ಸಭ್ಯತೆ. ಅವಳು ಆ ಸಭ್ಯತೆಯನ್ನು ಫ್ರಾನ್ಸಿಗೂ ಒಯ್ದಳು. ಒಂದು ಹಳ್ಳಿಯಲ್ಲಿ ಐದು ತಿರುವು, ಐದು ಹಾರ್ನ್. ಕೊನೆಯ ತಿರುವಿನಲ್ಲಿ ಊಟಕ್ಕೆಂದು ನಿಲ್ಲಿಸಿ ಕನ್ನಡಿ ನೋಡಿದರೆ ಕೈಯಲ್ಲಿ ಚೀಲ ಹಿಡಿದ ಆರು ಮುದುಕಿಯರು ನಮ್ಮ ಗಾಡಿಯತ್ತ ಬರುತ್ತಿದ್ದರು.

"ಏನರ ತಪ್ಪಾತೇನ್ರಿ?" ಎಂದಳು.

"ಕಿಡಕಿ ತಗೀಬ್ಯಾಡ" ಎಂದೆ.

ಅವರು ಬಾಗಿಲ ಮುಂದೆ ಸಾಲಾಗಿ ನಿಂತರು. ಜಗಳಕ್ಕೆ ಬಂದವರು ಸಾಲಿನಲ್ಲಿ ನಿಲ್ಲುವುದಿಲ್ಲ ಎಂಬ ತರ್ಕದ ಮೇಲೆ ಬಾಗಿಲು ತೆರೆದೆವು. ಸಾಲಿನಲ್ಲೊಬ್ಬಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಆ ಹಳ್ಳಿಯಲ್ಲಿ ಬೇಕರಿ ಇಲ್ಲ, ಬ್ರೆಡ್ ಮಾರುವ ಗಾಡಿ ಬಂದು ಹಾರ್ನ್ ಹೊಡೆದರೆ ಜನ ಹೊರಗೆ ಬರುತ್ತಾರೆ, ನಾವು ಐದು ಸಲ ಹೊಡೆದಿದ್ದೇವೆ, ಬ್ರೆಡ್ ಎಲ್ಲಿ?

ಮನೆಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ವಂಶ ಅವಳದಲ್ಲ. ಡಬ್ಬಿ ತೆಗೆದು, ಊರಿಂದ ತಂದ, ಒಣಗಿಸಿ ಕಟಕ ಮಾಡಿದ ಜೋಳದ ರೊಟ್ಟಿಯೊಂದನ್ನು ಮೊದಲನೆಯ ಮುದುಕಿಯ ಕೈಗಿಟ್ಟಳು. ಮುದುಕಿ ಅದನ್ನು ಮೂಸಿದಳು. ಬೆರಳ ಗೆಣ್ಣಿನಿಂದ ಬಡಿದಳು. ಕದ ಬಡಿದಂತೆ ಸದ್ದಾಯಿತು. ಇಂಗ್ಲಿಷಿನವಳನ್ನು ಮುಂದೆ ಮಾಡಿ ಕೇಳಿಸಿದಳು: ಇದು ಇವತ್ತಿನದೋ?

ನನ್ನವಳಿಗೆ ಅವಮಾನವಾಯಿತು. ಕಟಕ ರೊಟ್ಟಿಯ ಹೆಚ್ಚುಗಾರಿಕೆ ಇರುವುದೇ ಬಾಳಿಕೆಯಲ್ಲಿ. ಎರಡೂ ಕೈಯ ಹತ್ತು ಬೆರಳು ತೋರಿಸಿ, ಮೇಲೆ ಇನ್ನೈದು ತೋರಿಸಿ, ಎದೆಯುಬ್ಬಿಸಿ ಹೇಳಿದಳು: "ಹದಿನೈದು ದಿನದ್ದೈತಿ!"

ಅಷ್ಟು ವಯಸ್ಸಾದ ಹೆಂಗಸರು ಅಷ್ಟು ವೇಗವಾಗಿ ನಡೆದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ದಾರಿ ಬಿಟ್ಟವನು

ಆಸ್ಟ್ರಿಯಾದ ಒಂದು ಸಣ್ಣ ಸೇತುವೆ. ಒಂದೇ ಗಾಡಿಗೆ ಜಾಗ. ಆ ಕಡೆಯಿಂದ ಬಂದ ಕಾರಿನವನು ತಾನೇ ನಿಂತು, ನೀವು ಬನ್ನಿ ಎಂದು ಕೈಮಾಡಿದ.

ಅವಳು ಬ್ರೇಕ್ ಹಾಕಿದಳು. "ಯಾಕ ಬಿಡಾಕತ್ತಾನ?"

"ಅದ ನೋಡು. ಸುಮ್ಮಸುಮ್ಮಕ ಯಾರ ಬಿಡ್ತಾರ? ಸೇತುವಿ ಮುರದಿರಬೇಕು" ಎಂದೆ.

ನಾವೂ ಕೈಮಾಡಿದೆವು: ನೀನೇ ಬಾ. ಅವನು ಮತ್ತೆ ಕೈಮಾಡಿದ. ಅವನು ಬಿಟ್ಟಷ್ಟೂ ನಮ್ಮ ಅನುಮಾನ ಹೆಚ್ಚಾಯಿತು. ಎರಡೂ ಕಡೆ ಹತ್ತಾರು ಗಾಡಿ ನಿಂತವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಅದು ಇನ್ನೂ ಭಯಂಕರ. ಕೊನೆಗೆ ಆ ಮನುಷ್ಯ ಕಾರಿನಿಂದಿಳಿದು ನಡೆದು ಬಂದು, ನಿಮಗೆ ಮೈಗೆ ಹುಷಾರಿಲ್ಲವೇ, ಡಾಕ್ಟರನ್ನು ಕರೆಯಲೇ ಎಂದು ಕೇಳಿದ. ಅವನು ನಡೆದು ಬಂದದ್ದರಿಂದ ಸೇತುವೆ ಗಟ್ಟಿಯಿದೆ ಎಂದು ಸಾಬೀತಾಯಿತು. ದಾಟಿದೆವು.

ಇಲ್ಲದ ಬ್ರೇಕು

ಇಪ್ಪತ್ತೆರಡನೇ ದಿನ ಗಾಡಿ ಒಪ್ಪಿಸಲು ಹೋದೆವು. ಬಾಡಿಗೆಯವನು ಸುತ್ತ ತಿರುಗಿ ನೋಡಿದ. ಒಂದು ಗೀರಿಲ್ಲ. ಒಳಗೆ ಬಗ್ಗಿದ. ನನ್ನ ಸೀಟಿನ ಮುಂದೆ, ಬಲಗಾಲು ಇಡುವ ಜಾಗದಲ್ಲಿ, ರಬ್ಬರ್ ಹಾಸು ಸವೆದು ತೂತಾಗಿತ್ತು.

"ಇಲ್ಲಿ ಏನಿತ್ತು?" ಎಂದು ಕೇಳಿದ.

ಹೆಂಡತಿ ತನಗೆ ಬರುವ ಇಂಗ್ಲಿಷಿನಲ್ಲಿ ಉತ್ತರಿಸಿದಳು: "ಹಿಸ್ ಬ್ರೇಕ್."

ಸಾಕ್ಷ್ಯ

ಊರಿಗೆ ಬಂದ ಮರುದಿನ ಗೋಳಗುಮ್ಮಟದ ತೋಟದಲ್ಲಿ ಬೆಳಗಿನ ವಾಕಿಂಗ್ ಗೆಳೆಯರಿಗೆ, ಗಾಡಿಯಲ್ಲಿ ಕೂತು ದಾರಿಹೋಕರಿಂದ ತೆಗೆಸಿಕೊಂಡ ಫೋಟೋ ತೋರಿಸಿದೆ. ನಿವೃತ್ತ ತಹಸೀಲ್ದಾರರೊಬ್ಬರು ಕನ್ನಡಕ ಏರಿಸಿ ನೋಡಿ ಹೇಳಿದರು: "ಭಲೇ ಸರ್! ಕಡೀಕೂ ಗಾಡಿ ಕಲ್ತ್ರೆಲ್ಲ!"

ಆ ದೇಶಗಳಲ್ಲಿ ಸ್ಟಿಯರಿಂಗ್ ಎಡಗಡೆ. ಹಾಗಾಗಿ ಪ್ರತಿ ಫೋಟೋದಲ್ಲೂ ನಾನು ಬಲಗಡೆ. ನಮ್ಮೂರಲ್ಲಿ ಬಲಗಡೆ ಕುಂತವನೇ ಡ್ರೈವರ್. ಹೆಚ್ಚಿನವುಗಳಲ್ಲಿ ಗಾಜಿನ ಮೇಲೆ ಬಿಸಿಲು ಹೊಳೆದು ಸ್ಟಿಯರಿಂಗ್ ಕಾಣುತ್ತಿರಲಿಲ್ಲ. ವಿವರಿಸಿದೆ. ಅವಳ ಕೈ ಸ್ಟಿಯರಿಂಗ್ ಮೇಲಿದ್ದ ಒಂದೇ ಫೋಟೋ ಹುಡುಕಿ ತೋರಿಸಿದೆ.

"ನೀವು ಚಾ ಕುಡಿಯೂ ಮುಂದ ಅವರು ಒಂಚೂರು ಹಿಡದಾರ. ಅದೇನ್ ದೊಡ್ಡ ಮಾತಲ್ಲ" ಎಂದರು ತಹಸೀಲ್ದಾರರು. "ವಿಡಿಯೋ ಐತೇನು?"

ಇರಲಿಲ್ಲ. ವಿಡಿಯೋ ಯಾರು ತೆಗೆಯಬೇಕು? ನಾನು ಎರಡೂ ಕೈಯಿಂದ ಸೀಟು ಹಿಡಿದಿದ್ದೆ.

"ಮತ್ತ ಮೊದಲ ನನಗ ಗಾಡಿ ಬರ್ತಿರಲಿಲ್ಲ, ನಿಮಗ ಗೊತ್ತೈತೆಲ್ಲ?" ಎಂದು ಕೊನೆಯ ತರ್ಕ ಹೂಡಿದೆ.

"ಅಲ್ಲಿ ಗಾಡಿ ತಾವ ಹೋಗ್ತಾವ್ರಿ ಸರ್. ಗಂಡಸು ಅಂತ ಒಬ್ಬ ಕುಂತ್ರ ಸಾಕು."

ವಾರದೊಳಗೆ ವಾಕಿಂಗ್ ಗೆಳೆಯರೆಲ್ಲ ಸೇರಿ ನನಗೆ ಶಾಲು ಹೊದಿಸಿದರು. ಪಕ್ಕದಲ್ಲಿ ಕೂರುವ ಧೈರ್ಯ ಮಾಡಿದ್ದಕ್ಕೆ ಅವಳಿಗೊಂದು ಜಂಪರ್ ಪೀಸು, ಅಂದರೆ ರವಿಕೆ ಬಟ್ಟೆ.

ಟಿಕೋಟಾದಿಂದ ಫೋನು

ಆ ಜಂಪರ್ ಪೀಸನ್ನು ಅವಳು ಮಡಚಿ ಟೀಪಾಯಿ ಒರೆಸಲು ಇಟ್ಟಳು. ಅವಳಿಗೆ ಬೇಕಾದದ್ದು ಒಂದೇ ಒಂದು ವಾಕ್ಯ, ಅದೂ ತಮ್ಮನ ಬಾಯಿಂದ.

ತಮ್ಮ ನಮ್ಮನ್ನು ಬಬಲೇಶ್ವರಕ್ಕೆ ಊಟಕ್ಕೆ ಕರೆದ. ಇಪ್ಪತ್ತು ಜನ ನೆಂಟರು ಕೂತಿದ್ದರು. ಅವನು ಎದ್ದು ನಿಂತು ಹೇಳಿದ: "ನಮ್ಮ ಮಾಮಾ ಯುರೋಪ್ ಪೂರಾ ತಾವ ಗಾಡಿ ಹೊಡದ ಬಂದಾರ. ನಾ ಫೋಟೋ ನೋಡೇನಿ."

ಅವಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ನಾನಲ್ಲಪಾ, ಇಕಿ ಹೊಡದಾಳ" ಎಂದೆ.

"ಎಷ್ಟ ದೊಡ್ಡ ಮನಸ ನೋಡ್ರಿ ಮಾಮಾಂದು!" ಎಂದ. ಎಲ್ಲರೂ ಹೌದೆಂದರು.

ಊಟವಾದ ಮೇಲೆ ಒಣದ್ರಾಕ್ಷಿ ಬಾಕ್ಸ್ ತುಂಬಿದ ಅವನ ಪಿಕಪ್ ಟಿಕೋಟಾದ ಕೋಲ್ಡ್ ಸ್ಟೋರೇಜಿಗೆ ಹೋಗಬೇಕಿತ್ತು. ಅವತ್ತು ಡ್ರೈವರ್ ರಜೆ ಹಾಕಿದ್ದ. ಓಣಿ ಇಕ್ಕಟ್ಟು, ದೊಡ್ಡ ರಸ್ತೆಯವರೆಗೆ ಹಿಂದಕ್ಕೇ ತೆಗೆಯಬೇಕು. ತಮ್ಮ ತಾನೇ ಹತ್ತಿದ. ಐದು ಗಂಡಸರು ಹಿಂದೆ ನಿಂತು ಐದು ದಿಕ್ಕು ಹೇಳಿದರು. ಮೂರು ಸಲ ಗೋಡೆಗೆ ತಾಗಿತು.

"ಇಳಿ" ಎಂದಳು ಅಕ್ಕ.

ಇಳಿದ. ಅವಳು ಹತ್ತಿದಳು. ಕನ್ನಡಿ ಸರಿಮಾಡಿಕೊಂಡು, ಒಂದೇ ಏಟಿಗೆ, ಎರಡೂ ಕಡೆ ಅಂಗೈ ಅಗಲ ಜಾಗ ಬಿಟ್ಟು, ದೊಡ್ಡ ರಸ್ತೆಯವರೆಗೆ ಹಿಂದಕ್ಕೆ ಒಯ್ದು ನಿಲ್ಲಿಸಿದಳು. ನಾನು ತಮ್ಮನ ಬಾಯನ್ನೇ ನೋಡುತ್ತಿದ್ದೆ. ಅವನು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಮಾಮಾ! ಇಪ್ಪತ್ತೆರಡ ದಿನದಾಗ ನಮ್ಮಕ್ಕನ ಏನ್ ತಯಾರ ಮಾಡೀರಿ!"

ಇದು ಅವಳಿಗೆ ಕೇಳಿಸಿತು. ಅವಳು ಇಳಿಯಲಿಲ್ಲ. ಗೇರ್ ಬಿತ್ತು, ಪಿಕಪ್ ಹೊರಟೇ ಹೋಯಿತು.

ಮುಕ್ಕಾಲು ಗಂಟೆಯ ಮೇಲೆ ತಮ್ಮನ ಫೋನ್ ರಿಂಗಾಯಿತು. ನಮ್ಮ ಕಡೆ ಸ್ಪೀಕರ್ ಹಾಕದೆ ಮಾತಾಡಿದರೆ ಮನೆಯವರಿಗೆ ಅನುಮಾನ, ಹಾಕಿದ. ಕೋಲ್ಡ್ ಸ್ಟೋರೇಜಿನವನು.

"ಯಣ್ಣಾ, ನಿನ್ನ ಗಾಡಿ ಬಂದೈತಿ. ಒಬ್ಬಾಕಿ ಹೆಣ್ಮಗಳು ಕುಂತಾಳ. ಯಾರ ತಂದಾರ ಅಂದ್ರ, 'ನಿಮ್ಮ ಮಾಲಕಗ ಕೇಳ್ರಿ' ಅಂತಾಳ. ಗುರ್ತಿಲ್ಲದವರ ಕೈಯಾಗಿನ ಮಾಲ ನಾ ಇಳಿಸ್ಕೊಳ್ಳೂದಿಲ್ಲ. ಗಾಡಿ ಯಾರ ಹೊಡಕೊಂಡ ಬಂದಾರ?"

ತಮ್ಮ ತಿರುಗಿ ಸುತ್ತ ನೋಡಿದ. ಇಪ್ಪತ್ತೂ ಜನ ಅವನನ್ನೇ ನೋಡುತ್ತಿದ್ದರು. ಬಿಸಿಲು ಸುಡುತ್ತಿತ್ತು, ಮಾಲು ಗಾಡಿಯಲ್ಲಿತ್ತು. ಗಂಟಲು ಸರಿಮಾಡಿಕೊಂಡ.

"ನಮ್ಮಕ್ಕ... ನಮ್ಮಕ್ಕ ಹೊಡದಾಳ."

ಆ ಕಡೆಯವನು ನಕ್ಕ.

"ಚ್ಯಾಷ್ಟಿ ಬಿಡು ಯಣ್ಣಾ. ಡ್ರೈವರ್ ಯಾರು?"

"ದೇವರಾಣಿಗೂ ನಮ್ಮಕ್ಕನ ಹೊಡದಾಳ!"

"ಆಣಿ ಯಾಕ ಮಾಡ್ತಿ? ಕುಡದಾನೇನು? ಎಲ್ಲಿ ಅಡಗಿಸಿಟ್ಟಿ ಅಂವನ್ನ?"

"ಲೇ, ನಮ್ಮಕ್ಕ ಹೊಡದಾಳೋ! ಬಬಲೇಶ್ವರದಿಂದ ಟಿಕೋಟಾ ತನಕಾ ನಮ್ಮಕ್ಕ ಒಬ್ಬಾಕಿನ ಹೊಡದಾಳೋ!" ನಡುರಸ್ತೆಯಲ್ಲಿ ನಿಂತು ತಮ್ಮ ಕಿರುಚಿದ. ಎದುರಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರೂ ಬಗ್ಗಿ ನೋಡಿದರು.

ಫೋನಿನಲ್ಲಿ ಅವಳ ದನಿ ಕೇಳಿಸಿತು. ಅವಳು ಕೋಲ್ಡ್ ಸ್ಟೋರೇಜಿನವನಿಗೆ ಸಮಾಧಾನವಾಗಿ ಹೇಳುತ್ತಿದ್ದಳು:

"ಅಂವಾ ಸಣ್ಣಂವಿದ್ದಾಗಿಂದ ಸುಳ್ಳ ಹೇಳ್ತಾನ್ರಿ. ಇನ್ನೊಮ್ಮೆ ಕೇಳ್ರಿ."