ಮಿರ್ದಿಫ್‌ನ ಮೂರನೇ ಮಹಡಿಯಲ್ಲಿ ಸಕಲ ಸಂತರು

ಗುರ್ಕಾರನಾದವನಿಗೆ ಪ್ರಪಂಚದ ಎಲ್ಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯ ಇರಲೇಬೇಕು ಎಂದು ಜನ ನಿರೀಕ್ಷಿಸುತ್ತಾರೆ. ನನ್ನ ಕಷ್ಟಗಳೆಲ್ಲ ಶುರುವಾಗುವುದೇ ಅಲ್ಲಿಂದ. ಗುರ್ಕಾರ ಎಂದರೆ ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ವಾಡೆಯ, ಎಂದರೆ ಚರ್ಚಿಗೆ ಸೇರಿದ ಒಂದು ಕೇರಿಯ, ಮುಖ್ಯಸ್ಥ. ಮದುವೆಗೆ, ಮರಣಕ್ಕೆ, ಬೇಲಿಯ ಜಗಳಕ್ಕೆ ಮೊದಲು ಕರೆಸಿಕೊಳ್ಳುವ ಮನುಷ್ಯ. ದುಬೈಯ ಮಿರ್ದಿಫ್‌ನಲ್ಲಿ ವಾಡೆಯೂ ಇಲ್ಲ, ಬೇಲಿಯೂ ಇಲ್ಲ. ಆದರೆ ನಮ್ಮ ಕಟ್ಟಡದ ನಾಲ್ಕು ಕೊಂಕಣಿ ಮನೆಯವರು ಅಕ್ಟೋಬರ್ ತಿಂಗಳಿಡೀ ಸಂಜೆ ಒಟ್ಟಿಗೆ ಕೂತು ಜಪಮಾಲೆ ಹೇಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಅವರಲ್ಲಿ ಎಲ್ಲರಿಗಿಂತ ಮೊದಲು ತಲೆ ಬೋಳಾದವನು ನಾನು. ಅದೊಂದೇ ಅರ್ಹತೆಯ ಮೇಲೆ ಆ ಪಟ್ಟ ನನಗೆ ಬಂತು. ಪಟ್ಟದ ಜೊತೆಗೆ, ಜಪಮಾಲೆ ಮುಗಿದು ಚಹಾ ಬರುವ ತನಕ ಎರಡು ಒಳ್ಳೆಯ ಮಾತು ಹೇಳುವ ಜವಾಬ್ದಾರಿಯೂ ಬಂತು. ಚಹಾ ಯಾವತ್ತೂ ತಡವಾಗಿಯೇ ಬರುತ್ತದೆ, ಹಾಗಾಗಿ ಎರಡು ಮಾತು ಇಪ್ಪತ್ತಾಗುತ್ತದೆ.

ಕಳೆದ ವರ್ಷ ಹೀಗೆ ಚಹಾ ತಡವಾದ ಒಂದು ಸಂಜೆ ನಾನು ಹ್ಯಾಲೋವೀನ್ ಮೇಲೆ ಹರಿಹಾಯ್ದೆ. ಅಕ್ಟೋಬರ್ ಮೂವತ್ತೊಂದರಂದು ಮಕ್ಕಳು ದೆವ್ವ ಭೂತಗಳ ವೇಷ ಹಾಕಿ ಮನೆಮನೆ ಬಾಗಿಲು ತಟ್ಟಿ ಚಾಕಲೇಟ್ ವಸೂಲಿ ಮಾಡುವ ಹಬ್ಬ ಅದು. "ಜಪಮಾಲೆಯ ತಿಂಗಳು ದೆವ್ವದ ವೇಷದಲ್ಲಿ ಮುಗಿಯಬೇಕಾ? ನಾವು ಯಾರು, ನಮ್ಮ ನಂಬಿಕೆ ಯಾವುದು ಅಂತ ನಾಲ್ಕು ಜನರ ಎದುರು ಧೈರ್ಯವಾಗಿ ಹೇಳುವ ಮಕ್ಕಳನ್ನು ಬೆಳೆಸ್ಬೇಕು ನಾವು!" ಎಂದು ಮೇಜು ಗುದ್ದಿದೆ. ಎಲ್ಲರೂ ತಲೆಯಾಡಿಸಿದರು. ನನ್ನ ಹೆಂಡತಿ ಜೆಸಿಂತಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಉದ್ಯೋಗ ಗೊತ್ತು. ನಾನು ಒಂದು ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿದ್ದೇನೆ. ಹೋಟೆಲಿನ ಹ್ಯಾಲೋವೀನ್ ಪಾರ್ಟಿಗೆ ಕುಂಬಳಕಾಯಿ ತರಿಸುವವನು, ಅಲ್ ಕೂಜ್‌ನ ಗೋದಾಮಿನಿಂದ ಅಸ್ಥಿಪಂಜರ ಬಾಡಿಗೆಗೆ ಹಿಡಿಯುವವನು, ಜೇಡರಬಲೆ ಸಾಕಷ್ಟು ಇಳಿಬಿದ್ದಿಲ್ಲವೆಂದು ಕೆಲಸದವರನ್ನು ಗದರಿಸುವವನು ನಾನೇ. ಹೊಟ್ಟೆಪಾಡು ಬೇರೆ, ನಂಬಿಕೆ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹದಿನಾರು ವರ್ಷವಾಗಿದೆ.

ಭಾಷಣದ ಫಲ ಮರುದಿನವೇ ಕೈಗೆ ಬಂತು. ನನ್ನ ಒಂಬತ್ತು ವರ್ಷದ ಮಗಳು ರಿಯೋನಾ ಒಂದು ಕಾರ್ಡು ಹಿಡಿದುಕೊಂಡು ಬಂದಳು. ನಾಲ್ಕನೇ ಮಹಡಿಯ ಜೋಯಾ ಅವಳ ಜೀವದ ಗೆಳತಿ. ಜೋಯಾಳ ಮನೆಯಲ್ಲಿ ಹ್ಯಾಲೋವೀನ್ ಪಾರ್ಟಿ, ಕ್ಲಾಸಿನ ಹುಡುಗಿಯರೆಲ್ಲ ಬರುತ್ತಾರೆ. "ಡ್ಯಾಡಾ, ಕ್ಯಾನ್ ಐ ಗೋ?" ಎಂದಳು. ಗುರ್ಕಾರನ ಮಗಳೇ ಹೋದರೆ ಉಳಿದವರ ಮುಂದೆ ನನ್ನ ಮುಖ ಎಲ್ಲಿಡುವುದು? ಬೇಡ ಎಂದೆ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ಇಟ್ಸ್ ಓಕೆ, ಡ್ಯಾಡಾ" ಎಂದು ಕಾರ್ಡನ್ನು ಡಿಕ್ಷನರಿಯ ಒಳಗಿಟ್ಟು ಹೋಂವರ್ಕಿಗೆ ಕುಳಿತಳು. ಅತ್ತು ರಂಪ ಮಾಡಿದ್ದರೆ ಗದರಿಸಿ ಸುಮ್ಮನಿರಿಸಬಹುದಿತ್ತು. ಓಕೆ ಎಂದು ಸುಮ್ಮನಾದ ಮಗುವಿನ ಎದುರು ಏನು ಮಾಡುವುದು ಮಾರಾಯ್ರೆ? ಸಂಕಟ ತಡೆಯಲಾರದೆ ನಾನು ಬಾಯಿ ಬಿಟ್ಟೆ: "ನಾವೇ ಒಂದು ಮಾಡುವ. ಹ್ಯಾಲೋವೀನಿಗಿಂತ ಚೆಂದದ್ದು. ಜೋಯಾ ಬಂದು ನೋಡಿ ಹೊಟ್ಟೆ ಉರಿಸಿಕೊಳ್ಳುವ ಹಾಗಿನದ್ದು." ರಿಯೋನಾ ತಲೆಯೆತ್ತಿ, "ಪ್ರಾಮಿಸ್?" ಎಂದಳು. ಅಯ್ಯೋ, ಪ್ರಾಮಿಸ್ ಎಂದುಬಿಟ್ಟೆ.

ಹೀಗೆ ಹುಟ್ಟಿತು ನಮ್ಮ ಸಂತರ ಸಂಜೆ. ನವೆಂಬರ್ ಒಂದು ಹೇಗೂ ಸಕಲ ಸಂತರ ಹಬ್ಬ. ಅದರ ಹಿಂದಿನ ಸಂಜೆ ಮಕ್ಕಳು ದೆವ್ವದ ಬದಲು ಸಂತರ ವೇಷ ಹಾಕುವುದು, ನಾಲ್ಕು ಕೊಂಕಣಿ ಮನೆಗಳಿಗೂ ಪಕ್ಕದ ಶೆಟ್ಟರ ಮನೆಗೂ ಹಾಡು ಹೇಳುತ್ತ ಹೋಗುವುದು, ತಮ್ಮ ಸಂತರ ಕಥೆ ಹೇಳುವುದು, ತಿಂಡಿ ಪಡೆಯುವುದು. ವೇಷ ಹಾಕಿ ಬಾಗಿಲು ತಟ್ಟಿ ತಿಂಡಿ ಕೇಳುವ ಈ ಕಾರ್ಯಕ್ರಮಕ್ಕೂ ಹ್ಯಾಲೋವೀನಿಗೂ ಅಜಗಜಾಂತರ ವ್ಯತ್ಯಾಸವಿದೆ ಎಂದು ನಾನು ಸಭೆಗೆ ವಿವರಿಸಿದೆ. ಚಾಕಲೇಟಿನ ಬದಲು ನಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್ ಹಂಚೋಣವೆಂದೆ. ಜೆಸಿಂತಾ ಒಪ್ಪಲಿಲ್ಲ. "ಈಗಲೇ ಕುಸ್ವಾರ್ ಮಾಡಿದರೆ ಡಿಸೆಂಬರಿನಲ್ಲಿ ಎಂಥ ಹಂಚುವುದು, ನಿನ್ನ ಭಾಷಣವಾ?" ಎಂದಳು. ಕೊನೆಗೆ ಬೇಯಿಸಿ ಒಗ್ಗರಣೆ ಹಾಕಿದ ಕಡಲೆಯ ಪೊಟ್ಟಣವೆಂದು ತೀರ್ಮಾನವಾಯಿತು. ಚಾಕಲೇಟಿಗೆ ಬದಲು ಕಡಲೆ! ಮಕ್ಕಳ ಉತ್ಸಾಹ ಯಾವ ಮಟ್ಟದಲ್ಲಿತ್ತೆಂದು ನೀವೇ ಊಹಿಸಿಕೊಳ್ಳಿ.

ಅವರಿಗೆ ಉತ್ಸಾಹ ಬಂದದ್ದು ಸಂತರನ್ನು ಆರಿಸುವಾಗ. ನನ್ನ ಮನಸ್ಸಿನಲ್ಲಿದ್ದದ್ದು ಕೈಯಲ್ಲಿ ಹೂವು, ಭುಜದ ಮೇಲೆ ಪಾರಿವಾಳ, ಕಾಲಬುಡದಲ್ಲಿ ಕುರಿಮರಿ ಇರುವ ಸೌಮ್ಯ ಸಂತರು. ಆದರೆ ಆರಿಸುವ ಸ್ವಾತಂತ್ರ್ಯ ಮಕ್ಕಳಿಗೇ ಇರಲಿ ಎಂದು ದೊಡ್ಡ ಮನುಷ್ಯನಂತೆ ಹೇಳಿಬಿಟ್ಟಿದ್ದೆ. ಅವರು ಟ್ಯಾಬ್ ಹಿಡಿದು ಕುಳಿತು ನಮ್ಮ ಧರ್ಮದ ಇತಿಹಾಸವನ್ನೆಲ್ಲ ಜಾಲಾಡಿದರು. ಕೆಳಮನೆಯ ಆಲ್ಡ್ರಿಚ್ ಆರಿಸಿದ್ದು ಸಂತ ಡೆನಿಸ್; ಕತ್ತರಿಸಿದ ತಲೆಯನ್ನು ತಾನೇ ಎತ್ತಿಕೊಂಡು ನಡೆದು ಹೋದ ಮಹಾನುಭಾವ. ಅವನ ತಮ್ಮ, ಕಾದ ಕಬ್ಬಿಣದ ಜಾಲರಿಯ ಮೇಲೆ ಸುಡಲ್ಪಟ್ಟ ಸಂತ ಲಾರೆನ್ಸ್. ಬೀಚಿಗೆ ಒಯ್ಯುವ ಬಾರ್ಬೆಕ್ಯೂ ಜಾಲರಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತೇನೆಂದ. ನನ್ನ ರಿಯೋನಾ ಸಂತ ಲೂಸಿ. ನಂಬಿಕೆ ಬಿಡುವುದಿಲ್ಲ ಎಂದದ್ದಕ್ಕೆ ಕಣ್ಣು ಕೀಳಿಸಿಕೊಂಡವಳು, ಚಿತ್ರಗಳಲ್ಲಿ ತನ್ನ ಎರಡು ಕಣ್ಣುಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಿಂತಿರುತ್ತಾಳೆ. "ಮಗಾ, ಹೂವು ಹಿಡಿದವರು ಯಾರೂ ಸಿಕ್ಕಲಿಲ್ಲವಾ?" ಎಂದು ಕೇಳಿದೆ. "ದೇ ಆರ್ ಬೋರಿಂಗ್, ಡ್ಯಾಡಾ" ಎಂದಳು. ವಾರದ ನಂತರ ಅವಳ ಮುಖದಲ್ಲಿ ನಗು ಕಂಡಿದ್ದೆ. ಆಗಲಿ ಎಂದೆ.

ಸಾಮಾನು ಎಲ್ಲಿಂದ? ನನಗೆ ಗೊತ್ತಿರುವುದು ಅಲ್ ಕೂಜ್‌ನ ಅದೇ ಗೋದಾಮು. ಹೋಟೆಲಿನ ದೆವ್ವಗಳನ್ನು ತರಲು ಹೋದವನು ಮನೆಯ ಸಂತರನ್ನೂ ಅಲ್ಲಿಂದಲೇ ಹೊತ್ತು ತಂದೆ. ಲೂಸಿಯ ಕಣ್ಣುಗಳು ಹ್ಯಾಲೋವೀನಿನ ರಬ್ಬರ್ ಕಣ್ಣುಗಳು. ಡೆನಿಸರ ಕೈಯ ತಲೆ ಬಟ್ಟೆಯಂಗಡಿಯ ಗೊಂಬೆಯದು. ದೊಡ್ಡವರಲ್ಲಿ ಒಬ್ಬರಾದರೂ ವೇಷ ಹಾಕಬೇಕೆಂದು ಮಕ್ಕಳು ಗಂಟುಬಿದ್ದದ್ದರಿಂದ, ಮಾಂತ್ರಿಕನೊಬ್ಬನ ಬಿಳಿ ಗಡ್ಡವನ್ನೂ ನಿಲುವಂಗಿಯನ್ನೂ ತಂದು ನಾನು ಯೇಸುವಿನ ಪಟ್ಟಶಿಷ್ಯ ಸಂತ ಪೇತ್ರನಾದೆ. ಪೇತ್ರರನ್ನು ಆರಿಸಿದ್ದಕ್ಕೆ ಭಕ್ತಿಯೇನೂ ಕಾರಣವಲ್ಲ. ಅವರೂ ಬೋಳು ತಲೆಯವರೆಂದು ಪ್ರತೀತಿ, ಮತ್ತು ಕೈಯಲ್ಲಿ ಸ್ವರ್ಗದ ಬೀಗದಕೈ ಇದ್ದರೆ ಸಾಕು.

ನಮ್ಮ ನೆರೆಯ ವಿಶ್ವನಾಥ ಶೆಟ್ಟರು ಉಡುಪಿಯವರು. ಸಂಜೆ ಆರಕ್ಕೆ ನಮ್ಮ ಮನೆಯಲ್ಲಿ ವೇಷ ಕಟ್ಟುವುದನ್ನು ನೋಡಲು ಬಂದವರು ತಲೆ ಹಿಡಿದ ಆಲ್ಡ್ರಿಚ್‌ನನ್ನು ಕಂಡು ಖುಷಿಯಿಂದ ಚಪ್ಪಾಳೆ ತಟ್ಟಿದರು. "ಎಂಥ ಗುರ್ಕಾರ್ರೆ, ಇದು ನಮ್ಮ ಮಾರ್ನೆಮಿ ವೇಷವೇ ಅಲ್ಲವಾ!" ಎಂದರು. ನವರಾತ್ರಿಯ ಹೊತ್ತಿಗೆ ನಮ್ಮೂರಲ್ಲಿ ಜನ ಹುಲಿ, ಕರಡಿ, ಹುಚ್ಚ, ಪೊಲೀಸನೆಂದು ವೇಷ ಹಾಕಿ ಮನೆಮನೆಗೆ ಬರುತ್ತಾರಲ್ಲ, ಅದು. ಚಿಕ್ಕಂದಿನಲ್ಲಿ ಹುಲಿವೇಷದ ಹಿಂದೆ ಎರಡು ಮೈಲಿ ಹೋಗಿ, ಹೊಟ್ಟೆಗೆ ಹಳದಿ ಬಣ್ಣ ಬಳಿಸಿಕೊಂಡು ಬಂದು, ಅಪ್ಪನಿಂದ ನಾಗರಬೆತ್ತದ ರುಚಿ ಕಂಡವನು ನಾನು. ಆ ವಿಷಯ ಶೆಟ್ಟರಿಗೆ ನಾನೇ ಯಾವಾಗಲೋ ಹೇಳಿದ್ದೆ. "ಇದು ಹಾಗಲ್ಲ ಶೆಟ್ರೆ, ಇದು ಧಾರ್ಮಿಕ" ಎಂದು ಗಡ್ಡ ನೀವಿಕೊಂಡೆ. "ಹೌದೌದು," ಎಂದರು ಅವರು, "ಹುಲಿಯೂ ದೇವಿಯದ್ದೇ ಅಲ್ಲವಾ?"

ಮೆರವಣಿಗೆ ಹೊರಟಿತು. ಬ್ಯಾಟರಿ ಮೇಣದಬತ್ತಿ ಹಿಡಿದು ಏಳು ಸಂತರು, ಹಿಂದೆ ಕಡಲೆಯ ಬುಟ್ಟಿಯೊಂದಿಗೆ ಜೆಸಿಂತಾ, ಮುಂದೆ ಬೀಗದಕೈ ಹಿಡಿದು ನಾನು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಕೊಂಕಣಿ ಕೀರ್ತನೆ ಮೊಳಗಿತು. ಹತ್ತು ಹೆಜ್ಜೆ ಹೋಗಿಲ್ಲ, ಲಿಫ್ಟಿನ ಬಾಗಿಲು ತೆರೆದು ಎದುರುಮನೆಯ ಮೇಡಂ ತಮ್ಮ ನಾಲ್ಕು ವರ್ಷದ ಮಗನೊಂದಿಗೆ ಹೊರಬಂದರು. ಮಗು ರಕ್ತ ಹೀರುವ ಪಿಶಾಚಿಯ ವೇಷದಲ್ಲಿತ್ತು. ನಮ್ಮ ಡೆನಿಸರು ಸಭ್ಯತೆಯಿಂದ ತಮ್ಮ ತಲೆಯನ್ನು ಅದರ ಮುಖದ ಮುಂದೆ ಹಿಡಿದು "ಹಲೋ" ಎಂದರು. ಪಿಶಾಚಿ ಕಿಟಾರನೆ ಕಿರುಚಿ ಅಮ್ಮನ ಕಾಲು ಹಿಡಿದುಕೊಂಡಿತು. ಹಿಂದೆ ತಿರುಗಿದರೆ ಅಲ್ಲಿ ತಟ್ಟೆಯಲ್ಲಿ ಎರಡು ಕಣ್ಣು. ಆಮೇಲೆ ಅದರ ಅಳು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. "ಏನಿದು ಭಾಯ್‌ಸಾಬ್? ಯಾವುದಾದರೂ ಪೂಜೆಯಾ?" ಎಂದು ಮೇಡಂ ಹಿಂದಿಯಲ್ಲಿ ಕೇಳಿದರು. ಅವರ ಸಿಟ್ಟಿನ ಮುಖ ನೋಡಿ ನನ್ನ ಬಾಯಿಯಿಂದ ತಾನಾಗಿ ಬಂತು: "ಛೇ ಛೇ, ಪೂಜೆ ಗೀಜೆ ಏನಿಲ್ಲ ಮೇಡಂ. ಹ್ಯಾಲೋವೀನ್!"

ಅಷ್ಟರಲ್ಲಿ ಗದ್ದಲ ಕೇಳಿ ವಾಚ್‌ಮನ್ ಕರೀಮ್ ಭಾಯ್ ಮೆಟ್ಟಿಲು ಹತ್ತಿ ಬಂದರು. ಪೇಶಾವರದವರು, ಆರಡಿ ಎತ್ತರ, ಕೈಯಲ್ಲಿ ಆಫೀಸಿನವರು ಹೊರಡಿಸಿದ ಸರ್ಕ್ಯುಲರ್. "ಸಾಬ್, ಕೋಯಿ ಪ್ರೋಗ್ರಾಮ್ ಹೈ ಕ್ಯಾ? ಪ್ರೋಗ್ರಾಮ್ ಕೋ ಎನ್‌ಓಸಿ ಚಾಹಿಯೇ. ಹ್ಯಾಲೋವೀನ್ ಹೈ ತೋ ಮಾಫಿ ಮುಷ್ಕಿಲ್" ಎಂದರು. ಕಾರ್ಯಕ್ರಮಕ್ಕಾದರೆ ಅನುಮತಿ ಪತ್ರ ಬೇಕು, ಹ್ಯಾಲೋವೀನಾದರೆ ತೊಂದರೆಯಿಲ್ಲ ಎಂದರ್ಥ. ಗಲ್ಫಿನಲ್ಲಿ ಹದಿನಾರು ವರ್ಷ ಕಳೆದವನಿಗೆ ಎನ್‌ಓಸಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಎಲ್ಲಿ ಯಾವ ಕಾಗದ ತಪ್ಪಿದೆಯೋ ಎಂದು ಬೆವರು ಕಿತ್ತುಕೊಂಡು ಬರುತ್ತದೆ. "ಹ್ಯಾಲೋವೀನ್, ಕರೀಮ್ ಭಾಯ್, ಸಿರ್ಫ್ ಹ್ಯಾಲೋವೀನ್!" ಎಂದೆ. ಅವರು ಮೊಬೈಲನ್ನು ನನ್ನ ಕಡೆ ಚಾಚಿದರು. ಆ ತುದಿಯಲ್ಲಿ ಕಟ್ಟಡದ ಸೂಪರ್‌ವೈಸರ್. ನಾನು ಮಾಂತ್ರಿಕನ ಗಡ್ಡವನ್ನು ಕೆಳಗೆಳೆದು, "ಯೆಸ್ ಸರ್, ಓನ್ಲಿ ಹ್ಯಾಲೋವೀನ್ ಸರ್, ಚಿಲ್ಡ್ರನ್ ಸರ್, ಹ್ಯಾಪಿ ಹ್ಯಾಲೋವೀನ್ ಸರ್!" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಕರೀಮ್ ಭಾಯ್ ಫೋನನ್ನು ಜೇಬಿಗಿಟ್ಟು ರಿಯೋನಾಳ ಮುಂದೆ ಬಗ್ಗಿದರು. "ಔರ್ ಬೇಟಿ, ತುಮ್ ಕ್ಯಾ ಬನೀ ಹೋ? ಚುಡೈಲ್?" ಎಂದು ನಗುತ್ತ ಕೇಳಿದರು. ಹೌದು ಅನ್ನು ಮಗಾ, ನಿನ್ನ ದಮ್ಮಯ್ಯ, ದೆವ್ವ ಅಂತಲೇ ಅನ್ನು ಎಂದು ನಾನು ಅವರ ಬೆನ್ನ ಹಿಂದಿನಿಂದ ಕೈಸನ್ನೆ ಮಾಡಿದೆ. ರಿಯೋನಾ ನನ್ನನ್ನು ನೋಡಿದಳು, ತಟ್ಟೆಯ ಕಣ್ಣುಗಳನ್ನು ನೋಡಿದಳು, ಆಮೇಲೆ ತನ್ನ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: "ನೋ ಅಂಕಲ್. ಮೈ ಸೇಂಟ್ ಲೂಸಿ ಹೂಂ. ಯೇ ಹ್ಯಾಲೋವೀನ್ ನಹೀಂ ಹೈ. ಕಲ್ ಹಮಾರಾ ಆಲ್ ಸೇಂಟ್ಸ್ ಡೇ ಹೈ." ಕಣ್ಣು ಕೀಳುತ್ತೇವೆ ಎಂದರೂ ಲೂಸಿ ಸುಳ್ಳು ಹೇಳಲಿಲ್ಲ ಎಂದು ಕಥೆಯನ್ನೂ ಅಲ್ಲೇ ನಿಂತು ಪೂರ್ತಿ ಹೇಳಿದಳು. ಪಿಶಾಚಿ ಕೂಡ ಅಳು ನಿಲ್ಲಿಸಿ ಕೇಳಿತು.

ಕರೀಮ್ ಭಾಯ್ ನೆಟ್ಟಗಾದರು. "ವಾಹ್ ಬೇಟಿ" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮ ಊರಿನಲ್ಲೂ ಇಂಥ ಪುಣ್ಯಾತ್ಮರ ಕಥೆಗಳಿವೆ, ಮೊದಲೇ ಹೇಳಬಾರದಿತ್ತೇ ಸಾಬ್, ಮಕ್ಕಳು ನಾಲ್ಕು ಮನೆಗೆ ಹೋಗಿ ಕಡಲೆ ತಿನ್ನಲು ಯಾರ ಎನ್‌ಓಸಿ ಬೇಕು ಎಂದರು. ಬುಟ್ಟಿಯಿಂದ ಒಂದು ಪೊಟ್ಟಣ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಇಷ್ಟೇ ಆದದ್ದು. ನನಗೆ ಆದ ನಾಚಿಕೆ ಹೇಳಲು ಸಾಧ್ಯವಿಲ್ಲ. ಧೈರ್ಯವಾಗಿ ಹೇಳುವ ಮಕ್ಕಳು ಬೇಕೆಂದು ಮೇಜು ಗುದ್ದಿದವನು ನಾನು. ಮಗಳು ಹೇಳಿದ್ದಳು, ಮೇಜು ಗುದ್ದಿದವನು ಫೋನಿನಲ್ಲಿ ಹ್ಯಾಪಿ ಹ್ಯಾಲೋವೀನ್ ಎನ್ನುತ್ತಿದ್ದ.

ಜೆಸಿಂತಾ ಹತ್ತಿರ ಬಂದು ಮೆಲ್ಲಗೆ, "ಮೂರು ಸಲ" ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ. "ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ನಿನ್ನ ಪೇತ್ರರು ಅವರನ್ನು ಗೊತ್ತೇ ಇಲ್ಲ ಅಂತ ಎಷ್ಟು ಸಲ ಹೇಳಿದ್ದು? ಕೋಳಿ ಕೂಗುವ ಮೊದಲು ಮೂರು ಸಲ. ವೇಷ ನಿನಗೆ ಸರಿಯಾಗಿ ಹೊಂದಿದೆ ಮಾರಾಯ." ರಿಯೋನಾ ನನ್ನ ನಿಲುವಂಗಿ ಜಗ್ಗಿ, ಪಾಪ, ಬೈಯಲಿಲ್ಲ, "ಡ್ಯಾಡಾ, ಇದೆಲ್ಲ ಮುಗಿದ ಮೇಲೆ ಜೋಯಾಳ ಮನೆಗೆ ಹೋಗಿ ಈ ಕಣ್ಣು ತೋರಿಸಿ ಬರಲಾ?" ಎಂದಳು. ಬೇಡ ಎನ್ನುವ ಯೋಗ್ಯತೆ ನನ್ನಲ್ಲಿ ಎಲ್ಲಿ ಉಳಿದಿತ್ತು? ಹೋದಳು. ಅಲ್ಲಿ ಲೂಸಿಯ ಕಥೆ ಮತ್ತೊಮ್ಮೆ ಹೇಳಿ, ಅತಿ ಭಯಂಕರ ವೇಷಕ್ಕೆ ಮೊದಲ ಬಹುಮಾನ ಗೆದ್ದು, ಎಂಟು ಗಂಟೆಗೆ ಮನೆಗೆ ಬಂದಳು.

ಕೋಳಿ ಕೂಗಿದ ಮೇಲೆ ಪೇತ್ರರು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರಂತೆ. ನಮ್ಮ ಮನೆಯ ಕೋಳಿ ಆಗಲೇ ಬಾಣಲೆಯಲ್ಲಿ ಸುಕ್ಕ ಆಗಿತ್ತು. ಗಡ್ಡ ಬಿಚ್ಚಿಟ್ಟು ನಾನು ಊಟಕ್ಕೆ ಕುಳಿತೆ. ಎದುರಿಗೆ ರಿಯೋನಾ ಕಾಲು ಆಡಿಸುತ್ತ ಉಣ್ಣುತ್ತಿದ್ದಳು, ಅವಳ ತಟ್ಟೆಯ ಪಕ್ಕದಲ್ಲಿ ಆ ಎರಡು ರಬ್ಬರ್ ಕಣ್ಣುಗಳು. ಎರಡನೇ ತುತ್ತಿಗೆ ನನ್ನ ಕಣ್ಣಲ್ಲಿ ನೀರು ತುಂಬಿ ಬಂತು.

"ಎಂಥ, ಖಾರ ಜಾಸ್ತಿ ಆಯ್ತಾ?" ಎಂದು ಜೆಸಿಂತಾ ಕೇಳಿದಳು.

"ಹೌದು, ಖಾರವೇ" ಎಂದೆ. ಅದು ನಾಲ್ಕನೆಯ ಸಲ.