ಹಡಗಿನಲ್ಲಿ ಗಂಡು ನೋಡುವ ಶಾಸ್ತ್ರ

ನಮ್ಮ ಮನೆಯವರು ಎಲ್ಲಿಗೇ ಹೋಗಲಿ, ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ಅಂತ ಇಲ್ಲ. ಶಿರಾಲಿಗೆ ಸತ್ಯನಾರಾಯಣ ಪೂಜೆಯ ಊಟಕ್ಕೆ ಹೋದವರು ಪಕ್ಕದ ಮನೆಯ ಸೀಮಂತದಲ್ಲಿ ಉಂಡು, ಗುರುತಿಲ್ಲದ ಬಸುರಿಗೆ ಹರಸಿ ಬಂದಿದ್ದೇವೆ. ಭಟ್ಕಳಕ್ಕೆ ಸೀರೆ ತರಲು ಹೋದ ನಮ್ಮ ಅತ್ತೆ, ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯ ಹತ್ತಿರ ಬಹಳ ಹೊತ್ತು ಚೌಕಾಸಿ ಮಾಡಿ, "ಎಂತ ಸೊಕ್ಕು ಆ ಹೆಣ್ಣಿಗೆ! ಬಾಯೇ ಬಿಡೂದಿಲ್ಲ" ಎಂದು ಸಿಟ್ಟಿನಲ್ಲಿ ವಾಪಸು ಬಂದಿದ್ದಾರೆ. ಇಂಥವರನ್ನೆಲ್ಲ ಒಟ್ಟಿಗೆ ಒಂದು ಐಷಾರಾಮಿ ಹಡಗಿಗೆ ಹತ್ತಿಸಿದರೆ ಏನಾದೀತು?

ಹತ್ತಿಸಿದವನು ನನ್ನ ಮೈದುನ. ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ ಎಂದು ಸುತ್ತಾಡಿಸಿ ತರುವ ಪ್ರವಾಸಿ ಹಡಗಿನಲ್ಲಿ ಅವನಿಗೆ ನೌಕರಿ. ಎಂಥ ನೌಕರಿ ಎಂದರೆ "ಆರೋಗ್ಯ ವಿಭಾಗ" ಎನ್ನುತ್ತಿದ್ದ. ಅತ್ತೆ ಅದನ್ನು ನಮ್ಮೂರು ಮಂಕಿಯ ಮನೆಮನೆಗೆ ಮುಟ್ಟಿಸುವಷ್ಟರಲ್ಲಿ ಅವನು ಹಡಗಿನ ಡಾಕ್ಟರರ ಬಲಗೈ ಆಗಿದ್ದ.

ಆಗ ಕುಮಟೆಯಿಂದ ಒಂದು ಸಂಬಂಧ ಬಂತು. ಹುಡುಗಿ ಅವನಿಗೆ ಒಪ್ಪಿಗೆ, ಹುಡುಗಿಗೂ ಅವನು ಒಪ್ಪಿಗೆ. ಅಡ್ಡ ಇದ್ದವರು ಹುಡುಗಿಯ ಅಪ್ಪ, ನಿವೃತ್ತ ಮಾಸ್ತರು. "ಹಡಗಿನವನಿಗೆ ಮಗಳನ್ನು ಕೊಡೂದು ಅಂದ್ರೆ ಸಣ್ಣ ಮಾತಲ್ಲ. ಅವ ಅಲ್ಲಿ ಎಂತ ಮಾಡ್ತ ಅಂತ ನಾನೇ ಕಣ್ಣಾರೆ ನೋಡ್ಬೇಕು" ಎಂದರು. ನೌಕರರ ಕಡೆಯವರಿಗೆ ಹಡಗಿನಲ್ಲಿ ರಿಯಾಯಿತಿ ಇತ್ತು. ಬೇರೆ ದಾರಿ ಕಾಣದೆ ಮೈದುನ ನಮಗೂ ಮಾಸ್ತರಿಗೂ ಸೀಟು ಮಾಡಿಸಿದ. ಹೀಗೆ ನಾನು, ನನ್ನ ಗಂಡ, ಅತ್ತೆ ಹೊನ್ನಾವರದಲ್ಲಿ ರೈಲು ಹತ್ತಿದೆವು. ಮಾಸ್ತರು ಕುಮಟೆಯಲ್ಲಿ ಹತ್ತಿದರು. ಅವರ ಹೆಂಡತಿ ಬರಲಿಲ್ಲ. ದೋಣಿಯ ಚಿತ್ರ ಕಂಡರೂ ಅವರಿಗೆ ವಾಂತಿಯಂತೆ.

೧. ಹಡಗು ಇನ್ನೂ ಬರಲಿಲ್ಲ

ಮುಂಬೈ ಬಂದರಿನಲ್ಲಿ ನಮ್ಮ ಚೀಲಗಳನ್ನೆಲ್ಲ ಇಸಿದುಕೊಂಡು, ಮುಚ್ಚಿದ ಓಣಿಯಂಥ ಒಂದು ದಾರಿಯಲ್ಲಿ ನಡೆಸಿಕೊಂಡು ಹೋದರು. ಬಾಗಿಲಲ್ಲಿ ಬಿಳಿ ಕೋಟು ತೊಟ್ಟ ಮೈದುನ ನಿಂತಿದ್ದ. ಅಮ್ಮನ ಕಾಲು ಮುಟ್ಟಿದ, ಮಾಸ್ತರಿಗೆ ಕೈಮುಗಿದ, "ಡ್ಯೂಟಿ ಉಂಟು, ಮತ್ತೆ ಸಿಗ್ತೆ" ಎಂದವನು ಮಾಯ.

ಒಳಗೆ ಹೋದರೆ ನಮ್ಮ ಕಣ್ಣೇ ಕೋರೈಸಿತು. ಮೇಲಿಂದ ಕೆಳಗಿನವರೆಗೆ ಗಾಜಿನ ದೀಪದ ಗೊಂಚಲು. ಗಾಜಿನ ಲಿಫ್ಟು ಜನರನ್ನು ತುಂಬಿಕೊಂಡು ಏರುತ್ತಿತ್ತು, ಇಳಿಯುತ್ತಿತ್ತು. ಕಾಲಿಟ್ಟರೆ ಹುಗಿಯುವ ರತ್ನಗಂಬಳಿ. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. "ಬಂದರಿನ ವೇಟಿಂಗ್ ರೂಮೇ ಹೀಗಿದ್ರೆ ಹಡಗು ಹ್ಯಾಂಗಿರಬೇಡ!" ಎಂದರು ಮಾಸ್ತರು. ನಾವೆಲ್ಲ ಸೋಫಾದ ಮೇಲೆ ಹಡಗು ಕಾಯುತ್ತ ಕುಳಿತೆವು. ನನ್ನ ಗಂಡ ಬಸ್ ಕಂಡಕ್ಟರ್. ಅವರಿಗೆ ಕಾಯಿಸಿ ಗೊತ್ತೇ ಹೊರತು ಕಾದು ಗೊತ್ತಿಲ್ಲ. ಚಡಪಡಿಸತೊಡಗಿದರು.

ಒಬ್ಬ ಸಮವಸ್ತ್ರದವನು ಬಂದು ಶರಬತ್ತು ಕೊಟ್ಟ. ಕುಡಿದೆವು. ಇನ್ನೊಂದು ಸಲ ಕೊಟ್ಟ. ಅದನ್ನೂ ಕುಡಿದೆವು. ಕೊನೆಗೆ ಮಾಸ್ತರು ತಾಳ್ಮೆ ಕೆಟ್ಟು, ಒಳ್ಳೇ ವ್ಯಾಕರಣಬದ್ಧ ಇಂಗ್ಲಿಷಿನಲ್ಲಿ ಹಡಗು ಬರುವುದು ಯಾವಾಗ ಎಂದು ಅವನನ್ನು ವಿಚಾರಿಸಿದರು. ಆ ಹುಡುಗ ಪಾಪ, ನಗು ತಡೆದುಕೊಂಡು ಕಿಟಕಿಯ ಪರದೆ ಸರಿಸಿದ.

ಮುಂಬೈ ಇಷ್ಟೇ ಇಷ್ಟಾಗಿ ದೂರದಲ್ಲಿ ಕಾಣುತ್ತಿತ್ತು.

ಮಾಸ್ತರು ಎದ್ದು ನಿಂತು ಬೆವರಿದರು. ನನ್ನ ಗಂಡನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ಎಂಥಾ ಜನ ಇವರು! ಒಂದು ಸೀಟಿ ಇಲ್ಲ, 'ರೈಟ್' ಇಲ್ಲ, ಹೊರಟೇ ಬಿಟ್ರಾ?"

೨. ಒಣಗಿಸುವ ಜಾಗ

ಮರುದಿನ ಬೆಳಿಗ್ಗೆ ಹಡಗು ನೋಡಲು ಹೊರಟೆವು. ಮೇಲಿನ ಅಂತಸ್ತಿನಲ್ಲಿ ನೀಲಿ ನೀರು ತುಂಬಿದ ಈಜುಕೊಳ. ಅತ್ತೆ ಗಕ್ಕನೆ ನಿಂತರು. "ಸುತ್ತ ಇಷ್ಟು ನೀರು ಬಿದ್ಕಂಡಿದೆ. ಮತ್ತೆ ಇಲ್ಲಿ ಬೇರೆ ತಂದು ತುಂಬ್ಸಿಟ್ಟಿದ್ರಾ?" ಎಂದರು. ಮಾಸ್ತರು ಕೊಳದ ಕಡೆ ಬೆನ್ನು ಹಾಕಿ ಸಮುದ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಯಾಕೆಂದರೆ ಕೊಳದ ಸುತ್ತ ಉದ್ದುದ್ದ ಕುರ್ಚಿಗಳ ಮೇಲೆ ವಿದೇಶದ ಹೆಂಗಸರು, ಗಂಡಸರು ಹೆಸರಿಗಷ್ಟೇ ಬಟ್ಟೆ ತೊಟ್ಟು, ಮೈಗೆಲ್ಲ ಏನೋ ಬಳಿದುಕೊಂಡು ಸಾಲಾಗಿ ಮಲಗಿದ್ದರು.

"ಇವರಿಗೆಲ್ಲ ಎಂತ ಆಗಿದೆ?" ಅತ್ತೆ ಗಾಬರಿಯಿಂದ ನನ್ನ ಕೈ ಹಿಡಿದರು.

"ಎಂತದೂ ಆಗ್ಲಿಲ್ಲ ಅತ್ತೆ. ಬಿಸಿಲು ಕಾಯಿಸ್ತಾ ಇದ್ರು."

"ಬೇಸಿಗೆಯಲ್ಲಿ?"

ಅಷ್ಟರಲ್ಲಿ ಒಬ್ಬ ದಪ್ಪ ಸಾಹೇಬ ನರಳುತ್ತ ಮಗ್ಗುಲು ಬದಲಿಸಿ ಬೋರಲಾಗಿ ಮಲಗಿದ. ಪಕ್ಕದವಳೂ ಬೋರಲಾದಳು. ಅತ್ತೆಯ ಮುಖ ಅರಳಿತು. ಹೊನ್ನಾವರದ ಹತ್ತಿರದ ಕಾಸರಕೋಡದ ದಂಡೆಯಲ್ಲಿ ಮೀನು ಒಣಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ತಿಳಿಯದ್ದು ಏನೂ ಇರಲಿಲ್ಲ.

"ಹಾಂ, ಒಂದು ಬದಿ ಒಣಗ್ತು, ಮಗುಚಿ ಹಾಕಿದ್ರು" ಎಂದರು. ಆಮೇಲೆ ಆಕಾಶ ನೋಡಿದರು, ಸುತ್ತ ನೋಡಿದರು. "ಆದ್ರೆ ಕಾಗೆ ಓಡಿಸೂಕೆ ಒಬ್ಬರನ್ನಾದ್ರೂ ಕೂರಿಸಬೇಕಿತ್ತು, ಅಲ್ದ?"

೩. ಒಲೆ ಆರಿದ ಅಡುಗೆಮನೆ

ಮಧ್ಯಾಹ್ನದ ಊಟದ ಹಾಲ್ ನಮ್ಮೂರಿನ ಸಂತೆಯಷ್ಟು ದೊಡ್ಡದು. ಬೇಕಾದ್ದನ್ನು ಬೇಕಾದಷ್ಟು ನಾವೇ ಹಾಕಿಕೊಳ್ಳಬೇಕು. ಅತ್ತೆ ಎಲ್ಲವನ್ನೂ ಸಂಶಯದಿಂದ ದಾಟುತ್ತ ಕೊನೆಗೆ ಮೀನು ಎಂದು ಗುರುತು ಹಿಡಿದ ಕಡೆ ತಟ್ಟೆ ಒಡ್ಡಿದರು. ತಲೆಗೆ ಪಟ್ಟಿ ಕಟ್ಟಿದ ಜಪಾನಿನ ಅಡುಗೆಯವನು ಅನ್ನದ ಉಂಡೆಗಳ ಮೇಲೆ ಒಂದೊಂದು ಕೆಂಪು ತುಂಡು ಇಟ್ಟು ನಾಜೂಕಾಗಿ ಬಡಿಸಿದ.

ಅತ್ತೆ ಬೆರಳಿನಿಂದ ಒತ್ತಿ ನೋಡಿದರು. ಮೂಸಿದರು. ಮುಖದ ಬಣ್ಣ ಬದಲಾಯಿತು.

"ಹಸಿ!" ಎಂದು ನನ್ನ ಕಡೆ ತಿರುಗಿದರು. "ತಂಗಿ, ಇದು ಹಸಿ ಮೀನು! ಬೇಯಿಸೂಕೇ ಮರ್ತಿದ್ದಾನೆ!"

ಇದು ಹೀಗೇ ತಿನ್ನುವುದು, ಇದಕ್ಕೆ ಬಹಳ ಬೆಲೆ ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರು ತಟ್ಟೆ ಹಿಡಿದು ವಾಪಸು ಹೋಗಿದ್ದರು. "ಅಪ್ಪಾ, ಒಲೆ ಆರೋಗಿದ್ಯಾ?" ಎಂದು ಕನ್ನಡದಲ್ಲೇ ಕೇಳಿದರು. ಅವನು ತಲೆ ಬಾಗಿಸಿದ. ಇವರೂ ಬಾಗಿಸಿದರು. ಅವನು ಇನ್ನೂ ಬಾಗಿದ. ಅತ್ತೆಗೆ ಮಂಡಿನೋವು, ಅದಕ್ಕಿಂತ ಬಾಗಲಾಗಲಿಲ್ಲ. ಎಣ್ಣೆಗೆ ಬಿಡುವಂತೆ, ಚುಂಯ್ ಎನ್ನುವಂತೆ, ಮಗುಚುವಂತೆ ಕೈಯಲ್ಲೂ ಬಾಯಲ್ಲೂ ಮಾಡಿ ತೋರಿಸಿದರು. ಅವನಿಗೆ ಎಷ್ಟು ನೋವಾಯಿತೋ ದೇವರೇ ಬಲ್ಲ, ಒಳಗೆ ಹೋಗಿ ಗರಿಗರಿಯಾಗಿ ಕರಿದು ತಂದ. ಅದರ ವಾಸನೆಗೆ ಸಾಲಿನಲ್ಲಿದ್ದ ಗುಜರಾತದ ಕಡೆಯ ಒಂದು ಕುಟುಂಬ ಬಿಟ್ಟು ಉಳಿದವರೆಲ್ಲ ತಮಗೂ ಹಾಗೇ ಬೇಕೆಂದು ತಟ್ಟೆ ಮುಂದೆ ಮಾಡಿದರು.

ಅತ್ತೆ ಮೇಜಿಗೆ ಬಂದು ಕುಳಿತು ನಿಟ್ಟುಸಿರು ಬಿಟ್ಟರು. "ಕೈ ಚಂದ ಇದೆ ಪಾಪ. ಮನೆಯಲ್ಲಿ ಯಾರೂ ಹೇಳ್ಕೊಟ್ಟಿಲ್ಲ."

ಮಾಸ್ತರು ಬೇರೆ ಮೇಜಿನಲ್ಲಿ ಕುಳಿತಿದ್ದರು. ನಾವು ಕೈ ಬೀಸಿದರೆ ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು.

೪. ಪೂರಾ ಮಗ

ಸಂಜೆ ಹಡಗಿನೊಳಗಿನ ನಾಟಕಮಂದಿರದಲ್ಲಿ ಜಾದೂ ಇತ್ತು. ಜಾದೂಗಾರ ಪ್ರೇಕ್ಷಕರಲ್ಲಿ ಒಬ್ಬರು ಬನ್ನಿ ಎಂದ. ಬಸ್ಸಿನಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಎಂದು ಊರಿಗೆಲ್ಲ ಹೇಳುವ ನನ್ನ ಗಂಡ ತಾವೇ ಮುಂದೆ ಹೋದರು. ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ತಲೆ ಒಂದು ಕಡೆ ಕಾಲು ಒಂದು ಕಡೆ ಕಾಣುವಂತೆ ಮುಚ್ಚಿ, ಗರಗಸ ಹಿಡಿದು ನಡುವೆ ಕೊಯ್ದೇ ಬಿಟ್ಟ. ಪೆಟ್ಟಿಗೆ ಎರಡಾಯಿತು. ತಲೆ ಇದ್ದ ಭಾಗವನ್ನು ಅತ್ತ ದೂಡಿದ, ಕಾಲಿನ ಭಾಗವನ್ನು ಇತ್ತ ದೂಡಿದ.

ಜನ ಚಪ್ಪಾಳೆ ತಟ್ಟುತ್ತಿದ್ದಂತೆ ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ನೋಡಿದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆಯ ಮೇಲಿದ್ದಾರೆ. ಜಾದೂಗಾರ ಅವರನ್ನೂ ಸ್ವಾಗತಿಸಿ ಕೈ ಕುಲುಕಲು ಬಂದ. ಅತ್ತೆ ಅವನ ಗರಗಸವನ್ನೇ ಕಿತ್ತುಕೊಂಡರು.

"ಅಮ್ಮ, ಎಂತ ಆಗ್ಲಿಲ್ಲ, ಕೆಳಗೆ ಹೋಗು" ಎಂದಿತು ತಲೆಯ ಭಾಗ.

"ನೀ ಸುಮ್ನಿರು, ಅರ್ಧ ಇದ್ದವ!" ಎಂದು ಅದನ್ನು ಗದರಿಸಿ, ಜಾದೂಗಾರನಿಗೆ ಗರಗಸ ತೋರಿಸುತ್ತ ಅತ್ತೆ ಹೇಳಿದರು: "ನಾ ಪೂರಾ ಕಳ್ಸಿದ್ದೆ. ಪೂರಾ ಕೊಡು."

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅಷ್ಟು ಬೇಗ ಯಾರನ್ನೂ ಅವನು ಜೋಡಿಸಿರಲಿಕ್ಕಿಲ್ಲ. ಅತ್ತೆ ಮಗನ ಸೊಂಟ ಮುಟ್ಟಿ, ಸುತ್ತಲೂ ತಡವಿ, ಇದ್ದದ್ದೆಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗರಗಸ ವಾಪಸು ಕೊಟ್ಟರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕುಳಿತೇ ಇದ್ದವರು ಮಾಸ್ತರು ಒಬ್ಬರೇ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು. ಈ ಸಂಬಂಧ ಮುರಿಯಿತು ಎಂದು ನನಗೆ ಆಗಲೇ ಖಾತ್ರಿಯಾಯಿತು.

೫. ಆರೋಗ್ಯ ವಿಭಾಗ

ಮರುದಿನ ಬೆಳಿಗ್ಗೆ ಮಾಸ್ತರು ನಮ್ಮ ಕಣ್ಣು ತಪ್ಪಿಸಿ ಒಬ್ಬರೇ ವಾಕಿಂಗಿಗೆ ಹೊರಟವರು ವ್ಯಾಯಾಮದ ಕೋಣೆಗೆ ಹೋದರು. ಅಲ್ಲಿ ಓಡುವ ಪಟ್ಟಿಯ ಯಂತ್ರ ಕಂಡು, ತೂಕ ನೋಡುವ ಮಿಷನ್ ಎಂದು ಹತ್ತಿ ನಿಂತು, ಮುಂದಿದ್ದ ಗುಂಡಿ ಒತ್ತಿದರು. ಕಾಲ ಕೆಳಗಿನ ನೆಲ ಹಿಂದಕ್ಕೆ ಓಡಿತು. ಕುಮಟೆಯ ಬೀದಿಯಲ್ಲಿ ಎಂದೂ ಪಂಚೆ ಎತ್ತಿ ಓಡದ ಮಾಸ್ತರು ಅಲ್ಲಿ ಓಡಿದರು, ಕೂಗುತ್ತ ಓಡಿದರು, ಆಮೇಲೆ ಹಿಂದಕ್ಕೆ ಎಸೆಯಲ್ಪಟ್ಟರು. ಸೊಂಟ ಹಿಡಿದುಕೊಂಡು ಮೈ ಅರ್ಧಕ್ಕೆ ಮಡಚಿಕೊಂಡಿತು.

ಅಲ್ಲಿಯ ಹುಡುಗಿಯೊಬ್ಬಳು ಓಡಿ ಬಂದು ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಇವರು ದವಾಖಾನೆ ಎಂದುಕೊಂಡರು. ಮಂದ ಬೆಳಕು, ಊದುಬತ್ತಿಯ ಪರಿಮಳ, ಎಲ್ಲೋ ಕೊಳಲು. ಬಟ್ಟೆ ತೆಗೆಸಿ, ಒಂದು ಟವೆಲ್ ಸುತ್ತಿಸಿ, ಎತ್ತರದ ಹಾಸಿಗೆಯ ಮೇಲೆ ಬೋರಲು ಮಲಗಿಸಿದರು. ಹಾಸಿಗೆಯ ತಲೆಯ ಕಡೆ ಒಂದು ದುಂಡು ತೂತು. ಅದರಲ್ಲಿ ಮುಖ ಇಟ್ಟರೆ ಕಾಣುವುದು ನೆಲ ಮಾತ್ರ.

ಒಂದು ಜೊತೆ ಬಿಳಿ ಬೂಟು ಬಂದು ಎದುರು ನಿಂತಿತು.

ಬೂಟಿನವನು ನನ್ನ ಮೈದುನ. ಮೈ ತಿಕ್ಕುವುದೇ ಅವನ ಕೆಲಸ. ಕೇರಳಕ್ಕೆ ಹೋಗಿ ಕಲಿತು ಬಂದ ವಿದ್ಯೆ. ಅಮ್ಮನಿಗೆ ಹೇಳುವ ಧೈರ್ಯ ಸಾಲದೆ "ಆರೋಗ್ಯ ವಿಭಾಗ" ಎಂದಿದ್ದ. "ಅಯ್ಯಯ್ಯೋ ಅಬ್ಬೇ" ಎಂಬ ನರಳಾಟ ಕೇಳುತ್ತಲೇ ಹಾಸಿಗೆಯ ಮೇಲಿರುವುದು ಭಾವೀ ಮಾವ ಎಂದು ಅವನಿಗೆ ಗೊತ್ತಾಯಿತು. ಬಾಯಿ ಬಿಟ್ಟರೆ ಕೆಟ್ಟೆ ಎಂದು ಮಾತಾಡದೆ ಎಣ್ಣೆ ಹಾಕಿ ತಿಕ್ಕತೊಡಗಿದ.

ಮಾಸ್ತರಿಗೆ ಮೈ ಹಗುರವಾದಂತೆ ಮನಸ್ಸಿನಲ್ಲಿದ್ದದ್ದೂ ಹೊರಗೆ ಬರತೊಡಗಿತು. ಈ ಪರದೇಶಿಗೆ ಕನ್ನಡ ಎಲ್ಲಿ ತಿಳಿಯಬೇಕು ಎಂಬ ಭರವಸೆ ಬೇರೆ.

"ಎಂಥಾ ಮನೆ ಮಾರಾಯ ಅದು! ತಾಯಿ ಗರಗಸ ಹಿಡಿದು ಸ್ಟೇಜ್ ಹತ್ತಿದ್ಲು. ಅಣ್ಣ ಎರಡು ತುಂಡು. ಆ ಹುಡುಗನೋ, ಮುಖ ತೋರಿಸೂದಿಲ್ಲ, ಎಂತ ಕೆಲ್ಸ ಅಂತ ಹೇಳೂದಿಲ್ಲ. ಊರು ಮುಟ್ಟಿದ ಕೂಡ್ಲೇ 'ನಮಗೆ ಬೇಡ' ಅಂತ ಹೇಳಿಬಿಡೂದು."

ಮೈದುನನ ಹೆಬ್ಬೆರಳು ಆ ಮಾತಿಗೆ ತನ್ನಷ್ಟಕ್ಕೇ ಜೋರಾಗಿ ಒತ್ತಿತು. ಸೊಂಟದಲ್ಲಿ ಏನೋ ಲಟಕ್ಕೆಂದಿತು.

"ಅಯ್ಯೋ! ಹಾಂ... ಹಾಂ ಹಾಂ, ಅಲ್ಲೇ! ಅಲ್ಲೇ!" ಮಾಸ್ತರು ಕರಗಿ ಹೋದರು. "ಆಹಾ, ಎಂಥಾ ಕೈಯೋ ನಿಂದು! ನೀ ಒಬ್ಬ ನಮ್ಮ ಬದಿಯವ ಆಗಿದ್ರೆ ಕಣ್ಣು ಮುಚ್ಚಿ ಮಗಳನ್ನು ಕೊಡ್ತಿದ್ದೆ."

ಮೈದುನ ತಡೆಯಲಾರದೆ ಬಗ್ಗಿ, ಮೆಲ್ಲಗೆ ಹೇಳಿದ: "ನಾ ಮಂಕಿಯವನೇ, ಮಾವಾ."

ಮಾಸ್ತರು ಬಿದ್ದ ಸುದ್ದಿ ಕೇಳಿ ನಾವು ಮೂವರೂ ಓಡಿ ಬಂದು ಅದೇ ಬಾಗಿಲ ಹೊರಗೆ ನಿಂತಿದ್ದೆವು. ಒಳಗಿನಿಂದ ಒಂದು ಕಿರುಚಾಟ ಕೇಳಿತು. ಬಾಗಿಲು ದಢಾರನೆ ತೆರೆಯಿತು. ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತ, ಒಂದು ಟವೆಲನ್ನು ಎರಡು ಕೈಯಲ್ಲಿ ಬಿಗಿಹಿಡಿದು ಮಾಸ್ತರು ಹೊರಗೆ ಬಂದರು. ಅತ್ತೆ "ಶಿವನೇ!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೆರಗಿನ ಸಂದಿಯಿಂದಲೇ ಹಿಂದೆ ನಿಂತ ಮಗನ ಕೈ ನೋಡಿದರು. ಮೊಣಕೈಯವರೆಗೆ ಎಣ್ಣೆ.

"ಮಗಾ, ಮಾಸ್ತರಿಗೆ ಎಂತ ಮಾಡ್ದೆ? ಡಾಕ್ಟ್ರ ಕೆಲ್ಸ ಅಂದಿದ್ಯಲ್ಲ?"

"ತಿಕ್ಕೂದು ಅಮ್ಮ. ಮೈ ತಿಕ್ಕೂದು ನನ್ನ ಕೆಲ್ಸ" ಎಂದು ಅವನು ತಲೆ ತಗ್ಗಿಸಿದ. ಕಣ್ಣಲ್ಲಿ ನೀರಿತ್ತು. ಅತ್ತೆ ಗೋಡೆಗೆ ಒರಗಿ ನಿಂತುಬಿಟ್ಟರು.

ಆಗ ಮಾಸ್ತರಿಗೆ ತಾವು ನೆಟ್ಟಗೆ ನಿಂತಿದ್ದೇವೆ ಎಂಬುದು ಗಮನಕ್ಕೆ ಬಂತು. ಸ್ವಲ್ಪ ಎಡಕ್ಕೆ ವಾಲಿದರು. ಸ್ವಲ್ಪ ಬಲಕ್ಕೆ. ಒಂದು ಸಲ ಬಗ್ಗಿ ಎದ್ದರು. ಮುಖದ ಸಿಟ್ಟು ಇಳಿದು ಅಲ್ಲಿ ಪರಮಾಶ್ಚರ್ಯ ಕುಳಿತಿತು.

"ಅಕ್ಕಾ," ಎಂದರು ಅತ್ತೆಗೆ, ಟವೆಲ್ ಸರಿಮಾಡಿಕೊಳ್ಳುತ್ತ ಬಹಳ ಗಂಭೀರವಾಗಿ, "ಹುಡುಗನಿಗೆ ರಜೆ ಸಿಕ್ಕಿದ ಕೂಡ್ಲೇ ಎಲ್ಲರೂ ಕುಮಟೆಗೆ ಬನ್ನಿ. ನನ್ನ ಕಡೆಯಿಂದ ಮಾತು ಆತು."

ಅಷ್ಟು ಹೇಳಿ, ಎದುರು ಬಂದ ವಿದೇಶಿ ದಂಪತಿಗೆ ಕುತ್ತಿಗೆ ಬಾಗಿಸಿ ನಮಸ್ಕಾರ ತಿಳಿಸಿ, ಘನತೆಯಿಂದ ನಡೆದು ಹೋದರು. ತಿರುವಿನಲ್ಲಿ ನಿಂತು ಒಮ್ಮೆ ಹಿಂದೆ ನೋಡಿದರು.

"ಬರುವಾಗ ಆ ಎಣ್ಣೆ ಮರೀಬೇಡಿ!"