ಕೌದಿಯ ನಡುವಿಗೊಂದು ಕೆಂಪು

ಬಣ್ಣವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಇದನ್ನು ಯಾವ ಪುಸ್ತಕದಿಂದಲೂ ಎತ್ತಿ ಹೇಳುತ್ತಿಲ್ಲ; ಇಷ್ಟು ತಿಳಿದುಕೊಳ್ಳುವುದಕ್ಕೆ ಹಡಗು ಹತ್ತಿ ಯುರೋಪಿನವರೆಗೆ ಹೋಗಿ ಬಂದಿದ್ದೇನೆ. ಮನೆಯಲ್ಲೇ ಕುಳಿತು ತಿಳಿಯಬಹುದಾದದ್ದನ್ನು ದೂರ ಹೋಗಿ ತಿಳಿದು ಬರುವವರನ್ನು ವಿದ್ಯಾವಂತರು ಎನ್ನುತ್ತಾರಷ್ಟೆ. ಆ ದೃಷ್ಟಿಯಿಂದ ನಾನು ಪಕ್ಕಾ ವಿದ್ಯಾವಂತ. ಮುಂಬಯಿಗೆ ಹೋಗಿ ಬಿ.ಎ. ಮಾಡಿಕೊಂಡು ಬಂದು, ಬೀದರಿನ ಚೌಬಾರಾ ಗೋಪುರದ ಹತ್ತಿರ ನಮ್ಮಪ್ಪನ ಹೊಲಿಗೆ ಅಂಗಡಿಯಲ್ಲಿ, ನಮ್ಮಪ್ಪ ಕುಳಿತ ಜಾಗದಲ್ಲೇ ಕುಳಿತಿದ್ದೇನೆ. ಕಚೇರಿಯಲ್ಲಿ ನೌಕರಿ ಸಿಗಲಿಲ್ಲವೇ ಎಂದು ಜನ ಕೇಳುತ್ತಾರೆ. ಸಿಕ್ಕಿತ್ತು, ಬಿಟ್ಟೆ. ಯಾಕೆ ಬಿಟ್ಟೆ ಎಂಬುದಕ್ಕೆ ಬೇರೆ ಬೇರೆಯವರಿಗೆ ಬೇರೆ ಬೇರೆ ಕಾರಣ ಹೇಳುತ್ತಾ ಬಂದು, ಈಗ ನಿಜವಾದ ಕಾರಣ ಯಾವುದೆಂದು ನನಗೇ ಗೊತ್ತಿಲ್ಲ. ಅಂಗಡಿಯ ಹಲಗೆಯ ಮೇಲೆ ಹೆಸರಿನ ಜೊತೆ ಬಿ.ಎ. ಎಂದು ಉರ್ದುವಿನಲ್ಲಿ ಬರೆಸಿದ್ದೇನೆ. ಕಮಠಾಣದ ಗೌಡರೊಬ್ಬರು ಅದನ್ನು ಯಾರಿಂದಲೋ ಓದಿಸಿಕೊಂಡು, "ಮಾಸ್ತರ್, ನನ್ನ ಅಂಗಿಗಿ ಆ ಬಿ.ಎ. ಹಾಕಬ್ಯಾಡ್ರಿ, ಸಾದಾ ಹೊಲಿಗಿನೇ ಸಾಕು" ಎಂದು ಹೇಳಿ ಹೋದರು.

ನನ್ನ ಹೆಂಡತಿ ಕಾಶಮ್ಮ ಔರಾದ ಕಡೆಯವಳು, ಎಕಂಬಾದವಳು. ನಾನು ಅಂಗಡಿಯಲ್ಲಿ ಮಷೀನಿನ ಮೇಲೆ ಹೊಸ ಬಟ್ಟೆ ಹೊಲಿಯುತ್ತಿದ್ದರೆ, ಅವಳು ಅಂಗಡಿಯ ಹಿಂದಿನ ಮನೆಯಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ನೆಲಕ್ಕೆ ಹರಡಿಕೊಂಡು ಕೈಯಿಂದ ಕೌದಿ ಹೊಲಿಯುತ್ತಿದ್ದಳು. ಒಂದೇ ಸೂರಿನ ಕೆಳಗೆ ಎರಡು ಹೊಲಿಗೆ ಇದ್ದರೆ ವಾದ ಬಾರದೆ ಇರುತ್ತದೆಯೇ? "ನಿಮ್ಮ ಮಷೀನ್ ಹೊಲಿಗಿ ಒಂದು ತುದಿ ಜಗ್ಗಿದರ ಸರ್ರಂತ ಬಿಚ್ತದರಿ. ನಂದು ಜಗ್ಗಿ ನೋಡ್ರಿ, ನೋಡೋಣು" ಎನ್ನುವಳು. ನಾನು ಜಗ್ಗುತ್ತಿದ್ದೆ. ಬರುತ್ತಿರಲಿಲ್ಲ. "ಬಿ.ಎ. ಕೈ ಅದ, ಮೆತ್ತಗ ಅದ" ಎಂದು ನಗುವಳು. ಈ ಮಾತನ್ನು ಅವಳು ಎಷ್ಟೋ ಸಲ ಹೇಳಿದ ಹಾಗೆ ನನ್ನ ನೆನಪು. ಒಂದೇ ಸಲ ಹೇಳಿದ್ದನ್ನು ನಾನೇ ಒಬ್ಬನೇ ಕುಳಿತು ಎಷ್ಟೋ ಸಲ ಮಾಡಿಕೊಂಡಿರಬಹುದು. ಹೇಗೆ ಗೊತ್ತಾಗಬೇಕು?

ಊರಿಗೆಲ್ಲ ಜ್ವರ ಬಂದ ವರ್ಷ ಅವಳು ಹೋದಳು. ಅವಳ ಕೈಯ ಕೊನೆಯ ಕೌದಿ ಅರ್ಧಕ್ಕೆ ನಿಂತಿತ್ತು. ಅರ್ಧ ಎಂದರೆ ತಪ್ಪಾದೀತು. ಕೌದಿಯನ್ನು ಅವಳು ಅಂಚಿನಿಂದ ಸುತ್ತುತ್ತಾ ಒಳಗೆ ಬರುತ್ತಿದ್ದಳು. ಸುತ್ತಲೂ ಎಲ್ಲ ಮುಗಿದು, ನಟ್ಟನಡುವೆ ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ನಾನು ಆ ಜಾಗಕ್ಕೆ ಅಂಗಡಿಯ ಯಾವುದೋ ತುಂಡನ್ನು ಹಿಡಿದು ತೋರಿಸಿದ್ದೆ. "ಅದು ಬ್ಯಾಡ್ರಿ. ನಡುವಿಗಿ ಕುಸುಬಿ ಕೆಂಪೇ ಆಗಬೇಕು" ಎಂದಿದ್ದಳು. ನಮ್ಮ ಮನೆಗೆ ಮೊದಲ ಸಲ ಕಾಲಿಟ್ಟಾಗ ಅವಳು ಉಟ್ಟಿದ್ದ ಸೀರೆಯ ಬಣ್ಣ ಅದು. ಆ ಸೀರೆಯ ತುಂಡುಗಳೆಲ್ಲ ಕೌದಿಯ ನಾಲ್ಕು ಮಗ್ಗುಲಿಗೆ ಹಂಚಿಹೋಗಿ, ನಡುವಿಗೆ ಒಂದು ಚೂರೂ ಉಳಿದಿರಲಿಲ್ಲ. ನಮ್ಮ ಕಡೆ ಹೊಲದ ಕುಸುಬೆ ಹೂವು ಅರಳಿದಾಗ ಹಳದಿ, ಬಾಡುತ್ತಾ ಬಂದ ಹಾಗೆ ಕೆಂಪಿಗೆ ತಿರುಗುತ್ತದೆ. ಅದು ಯಾವ ಹೊತ್ತಿನ ಕೆಂಪು ಎಂದು ಅವಳು ಹೇಳಿರಲಿಲ್ಲ.

ಆ ಚೌಕವನ್ನು ತುಂಬಿಸಿ ಕೌದಿಯನ್ನು ಮುಗಿಸಬೇಕೆಂಬುದು ನನ್ನ ಹಟವಾಯಿತು. ಬೇರೆ ಮಾಡುವುದಕ್ಕೆ ಮನೆಯಲ್ಲಿ ಏನೂ ಇರಲಿಲ್ಲ. ಮೊದಲು ಬೀದರಿನ ಬಣ್ಣಗಾರರಲ್ಲಿಗೆ ಹೋದೆ. ಅವರು ಕುಸುಬೆ ಕುದಿಸುವುದನ್ನು ಬಿಟ್ಟು ಪರದೇಶದಿಂದ ಬರುವ ಡಬ್ಬಿಯ ಬಣ್ಣಕ್ಕೆ ಬಿದ್ದಿದ್ದರು. ಹಾಕಿಕೊಟ್ಟದ್ದೆಲ್ಲ ಒಂದೋ ಮೆಣಸಿನಕಾಯಿ, ಇಲ್ಲವೇ ಇಟ್ಟಂಗಿ. "ನಿಮಗ ಬೇಕಾದ ರಂಗು ಇಲ್ಲಿ ಸಿಗಂಗಿಲ್ಲ ಮಾಸ್ತರ್. ಡಬ್ಬಿ ಬರೋ ಊರಿಗೇ ಹೋಗ್ರಿ" ಎಂದು ನಕ್ಕರು. ನಗೆಗೆ ಹೇಳಿದ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ.

ಭಾಲ್ಕಿಯ ಕಡೆ ಒಬ್ಬ ಜಾಗೀರದಾರರಿದ್ದರು, ನನ್ನ ಹಳೆಯ ಗಿರಾಕಿ. ಮೊಣಕಾಲು ನೋವಿಗೆ ಯುರೋಪಿನ ಬಿಸಿನೀರಿನ ಬುಗ್ಗೆಗಳಲ್ಲಿ ಕುಳಿತು ಬರಬೇಕೆಂದು ಡಾಕ್ಟರರು ಅವರಿಗೆ ಹೇಳಿದ್ದರು. ಹಾದಿಯಲ್ಲಿ ನಾಲ್ಕು ಊರು ನೋಡುವ ಆಸೆ ಅವರದು. ನನಗೆ ಇಂಗ್ಲಿಷು ಬರುತ್ತದೆಂದು ನನ್ನನ್ನು ಕರೆದರೆಂದು ನಾನು ಎಲ್ಲರ ಮುಂದೆ ಹೇಳಿಕೊಂಡೆ. ಅವರು ಹೇಳಿದ್ದು ಬೇರೆ. "ಅಲ್ಲಿ ದರ್ಜಿಗೆ ನಮ್ಮ ಹೊಟ್ಟಿ ಏನ್ ಗೊತ್ತು, ಮಾಸ್ತರ್? ದವಾ ಹತ್ತಿದರ ಇಳಿತದ, ಹತ್ತದಿದ್ದರ ಏರ್ತದ. ನೀ ಸಂಗಾಟ ಇರಬೇಕು." ಹೀಗೆ ಒಬ್ಬರ ಹೊಟ್ಟೆಯ ಹಿಂದೆ ನಾನು ವಿಲಾಯತಿಗೆ ಹೊರಟೆ.

ಬಣ್ಣದ ಗುರುತಿಗೆ ಕೌದಿಯನ್ನೇ ಒಯ್ಯುವ ಮನಸ್ಸಿತ್ತು. ಭಾಲ್ಕಿಯಲ್ಲಿರುವ ನಮ್ಮಪ್ಪನ ತಂಗಿ ಗುರಮ್ಮತ್ತೆ ನನ್ನನ್ನು ಕಳಿಸುವುದಕ್ಕೆಂದು ಬಂದಿದ್ದವಳು ಕೌದಿಯನ್ನು ನನ್ನ ಕೈಯಿಂದ ಕಸಿದುಕೊಂಡಳು. ಮುಗಿಯದ ಕೌದಿ ಹೊಸ್ತಿಲು ದಾಟಬಾರದೆಂಬುದು ನಮ್ಮ ಮನೆತನದ ಪದ್ಧತಿ. "ಹೋಗಲಿ, ಒಂದು ಎಳಿ ಕಿತ್ತುಕೊಳ್ತೇನಿ" ಎಂದೆ. "ಕಿತ್ತು ನೋಡು! ಸತ್ತಾಕಿ ಕೈ ಹಿಡದು ಕಿತ್ತಂಗ ಅದು" ಎಂದಳು. ಬಿ.ಎ.ಯಲ್ಲಿ ನಾನು ತರ್ಕಶಾಸ್ತ್ರ ಓದಿದ್ದೆ. ಆದರೂ ಆ ಎಳೆಯನ್ನು ಕೀಳಲಿಲ್ಲ. ಬಣ್ಣವನ್ನು ಕಣ್ಣುಮುಚ್ಚಿ ಮನಸ್ಸಿನಲ್ಲಿ ತುಂಬಿಕೊಂಡು ಬಂಡಿ ಹತ್ತಿದೆ.

ಬೀದರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಬಂಡಿ ಇಳಿದು ರೈಲು ಹತ್ತುವುದರೊಳಗೆ ಬಣ್ಣ ಸ್ವಲ್ಪ ಮಸುಕಾಯಿತು. ಮುಂಬಯಿಯಲ್ಲಿ ಹಡಗು ಹತ್ತುವಾಗ ಮತ್ತೆ ಗಾಢವಾಯಿತು. ನಡುಸಮುದ್ರದಲ್ಲಿ ವಾಂತಿಯಾಗುವಾಗ ಅದು ಯಾವ ಬಣ್ಣವಾಗಿತ್ತೆಂದು ಹೇಳದಿರುವುದೇ ಒಳ್ಳೆಯದು. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಕೂಡಲೆ ಒಂದು ಬಟ್ಟೆಯ ಅಂಗಡಿಗೆ ನುಗ್ಗಿದೆ. ಅಂಗಡಿಯವನು ಸಂಭ್ರಮದಿಂದ ಹೂಬಳ್ಳಿ ಮುದ್ರಿಸಿದ ಕೆಂಪು ಅರಿವೆಗಳನ್ನು ಇಳಿಸಿದ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅವನೇ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: ಇದನ್ನು ತಮ್ಮ ಮುತ್ತಜ್ಜಂದಿರು ಹಿಂದೂಸ್ಥಾನದ ಬಟ್ಟೆ ನೋಡಿ ಕಲಿತರಂತೆ, ಇದರ ಹೆಸರೇ 'ಹಿಂದೂಸ್ಥಾನದ್ದು' ಎಂದಂತೆ. ಒಂದು ತುಂಡು ಕೊಂಡೆ. ನಮ್ಮ ಕಡೆಯವರು ಯಾರೋ ಸಿಕ್ಕ ಹಾಗಾಗಿತ್ತು.

ಮುಂದೆ ಪ್ಯಾರಿಸ್ಸು, ಆಮೇಲೆ ವಿಯೆನ್ನಾ. ಯುರೋಪಿನ ಅಂಗಡಿಗಳ ಒಳಗೆ ಬಣ್ಣ, ಬೀದಿಯಲ್ಲೆಲ್ಲ ಕಪ್ಪು. ಕಪ್ಪು ಕೋಟು, ಕಪ್ಪು ಟೋಪಿ, ಕಪ್ಪು ಕೊಡೆ. ಇಡೀ ಊರು ಯಾರದೋ ಮಣ್ಣಿಗೆ ಹೊರಟಂತೆ ಬಿರಬಿರನೆ ನಡೆಯುತ್ತಿತ್ತು. ಇಷ್ಟೊಂದು ಬಟ್ಟೆ ಯಾರು ಕೊಂಡು ಏನು ಮಾಡುತ್ತಾರೋ ಎಂದು ನಾನು ಕಾಲುದಾರಿಯ ಮೇಲೆ ನಿಂತು ಯೋಚಿಸುವೆ. ಹಾಗೆ ನಿಂತವನನ್ನು ಯಾರೂ "ಯಾಕ ನಿಂತೀರಿ?" ಎಂದು ಕೇಳುವುದಿಲ್ಲ. ಬೀದರಿನಲ್ಲಿ ನೀವು ನಿಂತು ನೋಡಿ, ಎಂಟು ಜನ ಬಂದು ಕೇಳದಿದ್ದರೆ ಆಮೇಲೆ ಹೇಳಿ. ಜಾಗೀರದಾರರು ಬುಗ್ಗೆಯಲ್ಲಿ ಕುಳಿತು ಇಳಿಯುತ್ತಿದ್ದರು. ನಾನು ಶೇರವಾನಿ ಬಿಗಿ ಮಾಡುತ್ತಿದ್ದೆ. ಅವರು ವೈದ್ಯರ ಕಣ್ಣು ತಪ್ಪಿಸಿ ವಿಯೆನ್ನಾದ ಕೇಕು ತಿಂದು ಬರುತ್ತಿದ್ದರು. ನಾನು ಬಿಚ್ಚಿ ಸಡಿಲ ಮಾಡುತ್ತಿದ್ದೆ. ನಡುವೆ ಬಿಡುವು ಸಿಕ್ಕಾಗ ಕೆಂಪು ಹುಡುಕುತ್ತಿದ್ದೆ. ಪ್ರತಿ ಊರಿನಲ್ಲೂ 'ಇದೇ ಅದು' ಎನಿಸಿ ಒಂದು ತುಂಡು ಕೊಳ್ಳುತ್ತಿದ್ದೆ, ಮುಂದಿನ ಊರಿನಲ್ಲಿ 'ಅಲ್ಲ, ಇದು' ಎನಿಸುತ್ತಿತ್ತು. ನಾನು ದಿನಚರಿ ಬರೆಯುವವನು. ಈಗ ತೆಗೆದು ನೋಡಿದರೆ ಎಲ್ಲ ಊರಿನ ಎದುರಿಗೂ 'ಒಳ್ಳೆಯ ಕೆಂಪು' ಎಂದಷ್ಟೇ ಬರೆದಿದ್ದೇನೆ. ಎಲ್ಲ ಓದಿದ್ದು ಇಷ್ಟಕ್ಕೇ!

ಕೊನೆಯದು ಲಂಡನ್ನು. ಮಂಜಿನಲ್ಲಿ ತಡಕಾಡುತ್ತಾ ಒಂದು ದೊಡ್ಡ ಅಂಗಡಿ ಸೇರಿದೆ. ಇಲ್ಲಾದರೂ ಮಾತು ಬರುತ್ತದಲ್ಲ ಎಂಬ ಧೈರ್ಯ. ಆದರೆ ಕುಸುಬೆಯನ್ನು ಹೇಗೆ ಹೇಳಲಿ? ಕೌಂಟರಿನ ಹಿಂದೆ ಬೆಳ್ಳಿ ಕೂದಲಿನ ಒಬ್ಬ ಹೆಂಗಸು ನಿಂತಿದ್ದಳು. "ಹೂವು ಸಾಯುವ ಮುಂಚಿನ ಬಣ್ಣ ಬೇಕು" ಎಂದೆ. ಅವಳು ದನಿ ತಗ್ಗಿಸಿ, "ಈ ಕಡೆ ಬನ್ನಿ" ಎಂದು ನನ್ನನ್ನು ಒಳಗಿನ ಒಂದು ಕೋಣೆಗೆ ಕರೆದೊಯ್ದಳು. ನೋಡುತ್ತೇನೆ, ನೆಲದಿಂದ ಮಾಳಿಗೆಯವರೆಗೆ ಬರಿಯ ಕಪ್ಪು ಬಟ್ಟೆ! ನನ್ನ ಮಾತಿನಲ್ಲಿ 'ಸಾಯುವ' ಎಂಬುದೊಂದೇ ಅವಳ ಕಿವಿಗೆ ಬಿದ್ದಿತ್ತು; ಸೂತಕದ ಬಟ್ಟೆಗೆಂದೇ ಅವರಲ್ಲಿ ಬೇರೆ ವಿಭಾಗವಿದೆಯಂತೆ.

"ಯಾರು ತೀರಿಕೊಂಡರು?" ಎಂದು ಕೇಳಿದಳು.

"ನನ್ನ ಹೆಂಡತಿ."

"ಕಪ್ಪು ಬೇಡವೇ?"

"ಬೇಡ. ಕೆಂಪು ಬೇಕು. ಅವಳೇ ಹೇಳಿದ್ದಾಳೆ."

ಬೀದರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಕೇಳಿರಲಿಲ್ಲ. ಕಾಶಮ್ಮ ಹೋದದ್ದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಲ್ಲೇ ಮೊದಲು. ಆ ಹೆಂಗಸು ಹೊರಗೆ ಬಂದು ಕೆಂಪಿನ ಥಾನುಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದು ತೋರಿಸತೊಡಗಿದಳು. ಬೇರೆ ಗಿರಾಕಿಗಳು ಕಾದರು. ಚೌಕಕ್ಕೆ ಅಂಗೈಯಷ್ಟು ಸಾಕಾಗಿದ್ದರೂ ಕೊನೆಗೆ ಒಂದರಲ್ಲಿ ಮೂರು ಗಜ ಕೊಂಡೆ. ನನ್ನ ಕಣ್ಣು ನೀರಾಗಿತ್ತೋ ಅಥವಾ ಮಂಜೋ ನನಗೆ ತಿಳಿಯದು. ಆ ದಿನದ ದಿನಚರಿಯಲ್ಲಿ ಹವೆಯ ಬಗ್ಗೆ ಮಾತ್ರ ಬರೆದಿದ್ದೇನೆ.

ತಿರುಗಿ ಬಂದ ಸುದ್ದಿ ಕೇಳಿ ಗುರಮ್ಮತ್ತೆ ಭಾಲ್ಕಿಯಿಂದ ಬಂದಳು. ಹಗಲಿನ ಬೆಳಕಿನಲ್ಲಿ, ಹೊಸ್ತಿಲೊಳಗಿನ ಅಂಗಳದಲ್ಲಿ ಕೌದಿ ಹಾಸಿ, ಖಾಲಿ ಚೌಕದ ಸುತ್ತ ನನ್ನ ತುಂಡುಗಳನ್ನೆಲ್ಲ ಇಟ್ಟೆ. ಆಗ ಕಂಡದ್ದು ಇದು: ಕೌದಿಯೊಳಗಿನ ಕುಸುಬೆ ಕೆಂಪು ಒಂದೇ ಬಣ್ಣವಾಗಿರಲೇ ಇಲ್ಲ. ಸೆರಗಿನ ತುಂಡು ಬಿಸಿಲಿಗೆ ಮಾಸಿ ಒಂದು ಬಣ್ಣ, ನಿರಿಗೆಯೊಳಗಿನದು ಇನ್ನೊಂದು, ಒಗೆದು ಒಗೆದು ತೆಳ್ಳಗಾದದ್ದು ಮತ್ತೊಂದು. ಮಾರ್ಸೇಲ್ಸಿನದು ಒಂದಕ್ಕೆ ಹೊಂದಿತು, ವಿಯೆನ್ನಾದ್ದು ಇನ್ನೊಂದಕ್ಕೆ, ಲಂಡನ್ನಿನದು ಮಗದೊಂದಕ್ಕೆ. ಎಲ್ಲವೂ ಸರಿ, ಆದ್ದರಿಂದ ಯಾವುದು ಸರಿ ಎಂದು ಗೊತ್ತಿಲ್ಲ.

"ಯಾವುದು ಹಾಕಬೇಕು, ಅತ್ತಿ?"

"ಯಾವುದೂ ಇಲ್ಲ" ಎಂದಳು. ಒಂದು ತುಂಡನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಸಿ ನೋಡಿದಳು. "ಇವೆಲ್ಲಾ ಹೊಸಾವ ಅವ. ಕೌದಿಗಿ ಯಾರರೆ ಹೊಸ ಅರಿವಿ ಹಾಕ್ತಾರೇನು? ಮೈಮ್ಯಾಲ ಹಾಕ್ಕೊಂಡು ಜೀರ್ಣ ಆಗಿರಬೇಕು. ಯಾರೂ ತೊಡದ ಅರಿವಿ ಹೊಚ್ಚಿದರ ಬೆಚ್ಚಗಾಗಂಗಿಲ್ಲ."

ನನಗಿದು ಗೊತ್ತಿರದ ಮಾತೇ? ಹುಟ್ಟಿದಾಗಿನಿಂದ ಕೌದಿ ಹೊದ್ದವನು. ಆದರೆ ಥಾನು ಬಿಚ್ಚಿ ಕತ್ತರಿ ಹಾಕಿಯೇ ಹೊಟ್ಟೆ ಹೊರೆದ ಸಿಂಪಿಗನಿಗೆ ಬಟ್ಟೆ ಎಂದರೆ ಹೊಸ ಬಟ್ಟೆ. ಇಡೀ ಯುರೋಪು ಸುತ್ತುವಾಗ ಒಂದು ದಿನವೂ ಅದು ಹೊಳೆಯಲಿಲ್ಲ.

"ಹಂಗಾದರ ಈಗ ಯಾರು ತೊಡಬೇಕು?"

"ಮನಿಯಾಗ ಮತ್ತ ಯಾರಿದ್ದಾರ?" ಎಂದಳು ಅತ್ತೆ, ಖಾಲಿ ಪಡಸಾಲೆಯತ್ತ ನೋಡುತ್ತಾ. "ನೀನೇ ತೊಡು."

ಹೀಗಾಗಿ ನಾನು ಮೊದಲು ಲಂಡನ್ನಿನ ಕೆಂಪಿನಲ್ಲಿ ನನಗೊಂದು ಅಂಗಿ ಹೊಲಿದುಕೊಂಡೆ. ಬಿಳಿ ಅಂಗಿ, ಕರಿ ಟೋಪಿಯ ಊರಿನಲ್ಲಿ, ನರೆತ ಮೀಸೆಯ ವಿಧುರನೊಬ್ಬ ಕುಸುಬೆಯ ಹೊಲದಂತೆ ಚೌಬಾರಾಕ್ಕೆ ಬಂದ ದಿನವನ್ನು ಬೀದರಿನ ಹಳಬರು ಇನ್ನೂ ಮರೆತಿಲ್ಲ. ಎದುರಿನ ಅತ್ತರಿನ ಅಂಗಡಿಯ ಮಸ್ತಾನಸಾಬ್ ಅಂಗಡಿ ಬಿಟ್ಟು ಎದ್ದು ಬಂದ. "ವಾಹ್ ಮಾಸ್ತರ್! ಯಾರ ಶಾದಿರಿ? ನಮಗ ದಾವತ್ ಇಲ್ಲೇನು?" ಗಿರಾಕಿಯೊಬ್ಬರು ನನಗೆ ಎರಡನೇ ಸಂಬಂಧದ ಮನಸ್ಸಾಗಿದೆಯೆಂದು ತಿಳಿದು ಒಂದು ಹೆಣ್ಣಿನ ಸುದ್ದಿಯನ್ನೇ ತಂದರು. ಶಾಲೆಗೆ ಹೋಗುವ ಮಕ್ಕಳು ಹಿಂದೆ ಬಂದವು. ನಾನು ಎಲ್ಲರಿಗೂ ಕೌದಿಯ ಕಥೆ ಹೇಳಬೇಕಾಯಿತು. ಕೇಳಿದವರು ನಗುತ್ತಿದ್ದರು. ಆಮೇಲೆ ಕಾಶಮ್ಮ ಹೊಲಿದು ಕೊಟ್ಟ ಕೌದಿ ತಮ್ಮ ಮನೆಯಲ್ಲೂ ಒಂದಿದೆ ಎನ್ನುತ್ತಿದ್ದರು. "ನಮ್ಮ ಮಗ ಅದರಾಗೇ ಹುಟ್ಟಿದನ್ರಿ" ಎಂದರೊಬ್ಬರು. ಅವಳು ಹೋದ ಮೇಲೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಜನ ಅಷ್ಟು ಹೊತ್ತು ಕುಳಿತದ್ದು ಆಗಲೇ.

ಅಂದಿನಿಂದ ಅತ್ತೆ ಭಾಲ್ಕಿಯಿಂದ ಬಂದಾಗಲೆಲ್ಲ ನನ್ನ ತೋಳು ಹಿಡಿದು, ಬಟ್ಟೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾಳೆ. "ಇನ್ನೂ ಬಿರುಸದ" ಎನ್ನುತ್ತಾಳೆ. "ವಿಲಾಯತಿ ಅರಿವಿ ಅದ ಅತ್ತಿ, ಹೊತ್ತು ಹಿಡಿತದ" ಎನ್ನುತ್ತೇನೆ. ಅಂಗಿಗೆ ನಾನೇ ಗಂಜಿ ಹಾಕುವುದು ಅವಳಿಗೆ ಗೊತ್ತಿಲ್ಲ. ಬಿಸಿಲಿಗೆ ಒಣಹಾಕದೆ ನೆರಳಲ್ಲಿ ಹರಡುವುದೂ, ಮಷೀನಿನ ಮುಂದೆ ಮೊಣಕೈ ಊರದೆ ಕೂಡುವುದೂ ಗೊತ್ತಿಲ್ಲ. ಕೌದಿ ಮುಗಿದರೆ ಅತ್ತೆ ಭಾಲ್ಕಿಯಲ್ಲೇ ಉಳಿದಾಳು, ಕಟ್ಟೆಯ ಮೇಲಿನ ಮಾತೂ ನಿಂತೀತು ಎಂದು ನಾನು ಹೀಗೆ ಮಾಡುತ್ತಿದ್ದೇನೆಯೇ? ಅಥವಾ ಕಾಶಮ್ಮನ ಕೆಲಸದಲ್ಲಿ ಇನ್ನು ಮಾಡುವುದು ಏನೂ ಉಳಿಯುವುದಿಲ್ಲವೆಂದೇ? ನನ್ನ ಮನಸ್ಸಿನ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹೋದ ವಾರ ಬಲ ಮೊಣಕೈ ಕೊನೆಗೂ ಹರಿಯಿತು. ಚೌಕಕ್ಕೆ ಬೇಕಾದಷ್ಟು ಬಟ್ಟೆ ಮೆತ್ತಗಾಗಿತ್ತು, ಮಾಸಿತ್ತು. ಇನ್ನು ಕತ್ತರಿ ಹಾಕುವುದೊಂದೇ ಬಾಕಿ. ನಾನು ಅಂಗಡಿಯ ಬಾಗಿಲು ಹಾಕಿಕೊಂಡೆ. ಮಷೀನು ಮುಟ್ಟದೆ, ಅಂಗಿಯ ಅಂಚಿನಿಂದಲೇ ಎಳೆ ತೆಗೆದು, ಕೈಸೂಜಿಯಿಂದ ಆ ಹರಕನ್ನು ಒಂದೊಂದೇ ಎಳೆ ಹೆಣೆದು ಮುಚ್ಚಿದೆ. ನಿನ್ನೆ ಅತ್ತೆ ಬಂದು ತೋಳನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಹರಿದ ಜಾಗ ಅವಳಿಗೆ ಕಾಣಲಿಲ್ಲ. "ಇನ್ನೊಂದು ವರ್ಷ ಬರ್ತದ ಬಿಡು" ಎಂದು ಹೇಳಿ ಚಹಾ ಕುಡಿದು ಹೋದಳು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ನಾನು ಅಷ್ಟು ಚೆನ್ನಾಗಿ ಹೊಲಿದುಕೊಟ್ಟಿಲ್ಲ.